ಒದ್ದೆ ಮರಳಿನ ದಾರಿ

ನೀಲಗಿರಿ ಬೆಟ್ಟದ ಕೂಕಲ್ತೊರೈಯ ಸಣ್ಣ ಚಹಾ ಬೆಳೆಗಾರರು ಸೇರಿ ಕೊಂಡ ಪಿಕಪ್ ಗಾಡಿಗೆ ಒಬ್ಬ ಡ್ರೈವರ್ ಬೇಕಾಗಿತ್ತು. ಕೊಯ್ದ ಎಲೆಯನ್ನು ಬಾಡುವ ಮೊದಲು ಫ್ಯಾಕ್ಟರಿಗೆ ಮುಟ್ಟಿಸುವ ಕೆಲಸ. ಅದನ್ನು ತನಗೇ ಕೊಡಬೇಕೆಂದು ಕಲೈಸೆಲ್ವಿ ಕೇಳಿದ್ದಳು. ಲೈಸೆನ್ಸ್ ಅವಳಲ್ಲಿತ್ತು; ಕೀಲಿ ಮಾತ್ರ ಬೆಳೆಗಾರರ ಸಂಘದ ಅಧ್ಯಕ್ಷನಾದ ಅವಳ ಗಂಡ ಸುಧಾಕರನ್‌ನ ಜೇಬಿನಲ್ಲಿತ್ತು. ಅವನು ಬೇಡವೆನ್ನಲಿಲ್ಲ, ಆಗಲಿ ಎಂದೂ ಅನ್ನಲಿಲ್ಲ.

ಕೊನೆಗೆ ಅವಳೇ ಪಂಥ ಒಡ್ಡಿದಳು. ಎಲೆ ಕಡಿಮೆಯಿರುವ ಫೆಬ್ರವರಿಯಲ್ಲಿ ತಮ್ಮ ಹಳೆಯ ವ್ಯಾನಿಗೆ ಡೇರೆ, ಸ್ಟೌವ್ ಹೇರಿಕೊಂಡು ನಾಲ್ಕು ದಿನ ಮಲಬಾರಿನ ಕಡಲಂಚಿಗೆ ಹೋಗಿಬರುವುದು. ದಾರಿಯುದ್ದಕ್ಕೂ ಗಾಡಿ ಓಡಿಸುವವಳು ಅವಳೇ. ಗಂಡ ಒಮ್ಮೆಯಾದರೂ ಸ್ಟೇರಿಂಗ್ ಹಿಡಿಯಬೇಕಾಗಿ ಬಂದರೆ, ಪಿಕಪ್ಪಿನ ಮಾತನ್ನು ಅವಳು ಮತ್ತೆ ಎತ್ತುವುದಿಲ್ಲ; ಬರದಿದ್ದರೆ ಕೀಲಿ ಅವಳದು.

ಗೂಡಲೂರು ದಾಟಿ ನಾಡುಗಾಣಿ ಘಾಟಿಯನ್ನು ಅವಳು ಇಳಿಸಿದ ರೀತಿಗೆ ಸುಧಾಕರನ್ ಒಳಗೊಳಗೇ ತಲೆದೂಗಿದ. ಒಂದು ತಿರುವಿನಲ್ಲೂ ಬ್ರೇಕ್ ಕಿರುಗುಟ್ಟಲಿಲ್ಲ. ಬಾಯಿಬಿಟ್ಟು ಹೊಗಳುವುದು ಅವನ ಜಾಯಮಾನವಲ್ಲವಾದ್ದರಿಂದ, "ಪೆಟ್ರೋಲ್ ಉಳಿಯಿತು" ಎಂದಷ್ಟೇ ನುಡಿದ.

"ನಿಮ್ಮ ಬಾಯಲ್ಲಿ ಹೊಗಳಿಕೆಯೂ ಉಳಿಯಿತು" ಎಂದಳು ಅವಳು.

ಮೂರನೆಯ ದಿನ ಕಣ್ಣೂರಿನ ಹತ್ತಿರ, ಗಾಡಿಗಳನ್ನು ಇಳಿಸಬಹುದಾದ ಒಂದು ಉದ್ದನೆಯ ಕಡಲತಡಿ ಸಿಕ್ಕಿತು. ಬೆಳಗಿನ ಬಿಸಿಲಿಗೇ ಸ್ವೆಟರ್‌ಗಳು ಹಿಂದಿನ ಸೀಟು ಸೇರಿದ್ದವು. ಕಲೈಸೆಲ್ವಿ ನೀರಿನಂಚಿನ ಒದ್ದೆ ಕಪ್ಪು ಮರಳಿನ ಮೇಲೆ ಹಾಯಾಗಿ ಓಡಿಸುತ್ತಿದ್ದಳು. ಒಂದು ಅಲೆ ಚಕ್ರವನ್ನು ಸವರಿ ಹೋದದ್ದೇ ತಡ, ಸುಧಾಕರನ್ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಬೆಟ್ಟದಲ್ಲಿ ಜಾರಿಸುವುದು ಒದ್ದೆ ನೆಲ, ಹಿಡಿದು ನಿಲ್ಲಿಸುವುದು ಒಣ ನೆಲ. ಐವತ್ತು ವರ್ಷ ಅವನ ಕಾಲು ಕಲಿತದ್ದು ಅದನ್ನೇ.

"ಒದ್ದೆಯಲ್ಲಿ ಬ್ಯಾಡ, ನಿವೇತಾನ ಅವ್ವೆ! ಮೇಲಕ್ಕೆ ತಿರುಗಿಸು, ಒಣಗಿದ ಕಡೆಗೆ!"

ಮಗಳ ಹೆಸರು ಹಿಡಿದು ಅವನು ಕೂಗಿದನೆಂದರೆ ಗಾಬರಿಯಾಗಿದೆಯೆಂದೇ ಅರ್ಥ. ಅವಳು ತಿರುಗಿಸಿದಳು. ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಅರ್ಧಕ್ಕೆ ಹೂತುಹೋದವು.

ರಸ್ತೆಗೆ ಹತ್ತುವ ದಾರಿ ಅರ್ಧ ಮೈಲಿ ಆಚೆಗಿತ್ತು. ನೀರು ಏರುತ್ತಿತ್ತು, ಕಪ್ಪು ಮರಳಿನ ಪಟ್ಟಿ ಕಿರಿದಾಗುತ್ತಿತ್ತು. ಸುಧಾಕರನ್ ಇಳಿದು ಬಂದು ಅವಳ ಬಾಗಿಲಿಗೆ ಕೈಹಾಕಿದ.

"ಇಳಿ. ಕೆಸರಿನಿಂದ ಎಷ್ಟು ಗಾಡಿ ಎತ್ತಿಲ್ಲ ನಾನು? ಆಕ್ಸಿಲರೇಟರ್ ಒಂದೇ ಸಲ ಬಲವಾಗಿ ಒತ್ತಿದರೆ ಆಯಿತು."

"ಒತ್ತಿದರೆ ಇನ್ನೂ ಹೂತುಹೋಗುತ್ತೆ." ಅವಳು ಒಳಗಿನಿಂದ ಬಾಗಿಲನ್ನು ಬಿಗಿಯಾಗಿ ಹಿಡಿದಳು. "ನೀವು ಹೇಳಿದ್ದಕ್ಕೆ ತಿರುಗಿಸಿದೆ. ಈಗ ನೀವು ಹತ್ತಿ ಕೂತರೆ ಸೋತವಳು ನಾನಾ? ಇದು ಯಾವ ಊರಿನ ನ್ಯಾಯ?"

ಅವನು ಕೈ ತೆಗೆದ.

ಅವಳು ಚಪ್ಪಲಿ ಬಿಚ್ಚಿ ಇಳಿದಳು. ಒಣ ಮರಳಿನಲ್ಲಿ ಮೊದಲು ಹಿಮ್ಮಡಿ ಊರಿದಳು, ಆಮೇಲೆ ಪಾದವನ್ನು ಅಗಲವಾಗಿ ಇಟ್ಟಳು. ನೀರಿನಂಚಿಗೆ ನಡೆದು ಅಲ್ಲಿಯೂ ಹಾಗೆಯೇ ಮಾಡಿದಳು; ಅಲ್ಲಿ ಹಿಮ್ಮಡಿಯೂ ಹೂತುಹೋಗಲಿಲ್ಲ. ಮರಳಿ ಬಂದಳು.

"ಹೊಸದಾಗಿ ಅಗೆದ ತೋಟದಲ್ಲಿ ಎಲೆಮೂಟೆ ಹೊತ್ತು ನೀವು ಯಾವತ್ತೂ ನಡೆದಿಲ್ಲೆ. ನಾನು ನಡೆದಿದ್ದೇನೆ. ಹಿಮ್ಮಡಿ ಊರಿದರೆ ಹೂತುಹೋಗುತ್ತೇವೆ. ಇಡೀ ಪಾದ ಇಟ್ಟರೆ ನೆಲ ಹೊರುತ್ತೆ. ಟಯರಿನ ಅರ್ಧ ಗಾಳಿ ಬಿಡಿ."

"ಗಾಳಿ ಬಿಡುವುದಾ? ಹುಚ್ಚು ಹಿಡಿದಿದೆಯಾ?"

"ಇದು ನಮ್ಮ ಕೋತಗಿರಿ ರೋಡಲ್ಲ. ಬಿಡಿ."

ಸುಧಾಕರನ್ ಮಂಡಿಯೂರಿದ. ಟಯರು ಹಿಸ್ಸೆನ್ನುತ್ತ ಚಪ್ಪಟೆಯಾಗುತ್ತಿದ್ದಂತೆ ಅವನ ತಲೆಯಲ್ಲೊಂದು ಲೆಕ್ಕ ತಾನೇ ಬಿಡಿಸಿಕೊಂಡಿತು: ಭಾರ ಅಷ್ಟೇ ಇದೆ, ಅದನ್ನು ಹೊರುವ ನೆಲ ಎರಡರಷ್ಟಾಗಿದೆ, ಹಾಗಾದರೆ ಅಂಗುಲದ ಮೇಲಿನ ಒತ್ತಡ ಅರ್ಧ. ಶಾಲೆಯಲ್ಲಿ ನೂರಕ್ಕೆ ನೂರು ತೆಗೆದವನು ಅವನು. ಆ ಲೆಕ್ಕವನ್ನು ಮರಳಿನ ಮೇಲೆ ಮಾಡಿ ತೋರಿಸಿದವಳು ಎಂಟನೆಯ ತರಗತಿಗೆ ಓದು ಬಿಟ್ಟ ಅವನ ಹೆಂಡತಿ.

ಡೇರೆಯಡಿ ಹಾಸಲು ತಂದಿದ್ದ ಖಾಲಿ ಎಲೆಚೀಲಗಳನ್ನು ಚಕ್ರದ ಮುಂದೆ ಹಾಸಿದರು. ಅವಳು ಹತ್ತಿದಳು. ಇಂಜಿನ್ ಗುಡುಗಲಿಲ್ಲ, ಮಗುವನ್ನು ಹಾಸಿಗೆಯಿಂದ ಎತ್ತುವಷ್ಟು ನಿಧಾನವಾಗಿ ವ್ಯಾನು ಮೇಲೆದ್ದಿತು. ಎದ್ದದ್ದು ನಿಲ್ಲದೆ, ನೇರವಾಗಿ ಕಡಲಿನ ಕಡೆಗೇ ನಡೆಯಿತು. "ನಿಲ್ಲಿಸು!" ಎಂಬ ಕೂಗು ನಾಲಗೆಯ ತುದಿಗೆ ಬಂದರೂ ಸುಧಾಕರನ್ ಈ ಸಲ ಅದನ್ನು ನುಂಗಿಕೊಂಡ. ಉಳಿದಿದ್ದ ಎರಡು ಮಾರು ಒದ್ದೆ ಪಟ್ಟಿಯ ಮೇಲೆ ಅವಳು ಗಾಡಿಯನ್ನು ಹೊರಳಿಸಿದಳು. ಎಡಚಕ್ರ ನೊರೆಯನ್ನು ಸೀಳಿತು. ವ್ಯಾನು ಗೆರೆ ಎಳೆದಂತೆ ಓಡಿತು. ಎಲೆಚೀಲಗಳನ್ನು ಎದೆಗೆ ಅವುಚಿಕೊಂಡು ಅವನು ಹಿಂದೆ ಓಡಿದ. ಇಷ್ಟು ನೇರವಾದ ಗೆರೆಯನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ.

ರಸ್ತೆಯ ಮೇಲೆ ಅವಳು ಕಾಯುತ್ತಿದ್ದಳು. ಅವನು ಏದುಸಿರು ಬಿಡುತ್ತ ಪಕ್ಕದಲ್ಲಿ ಕುಳಿತು ಸಂಘದ ಕಾರ್ಯದರ್ಶಿ ರಾಜ್‌ಕುಮಾರನಿಗೆ ಫೋನ್ ಮಾಡಿದ.

"ಪಿಕಪ್ಪಿಗೆ ಇನ್ನು ಯಾರನ್ನೂ ಹುಡುಕಬ್ಯಾಡ. ಕಲೈಸೆಲ್ವಿ ಓಡಿಸುತ್ತಾಳೆ."

ಆ ಕಡೆಯಿಂದ ನಗು ಕೇಳಿಸಿತು. "ಏನಣ್ಣ, ಅತ್ತಿಗೆ ಅನ್ನ ಹಾಕಲಿಲ್ಲವಾ?"

"ಗಾಡಿಯನ್ನು ಹೂತವನು ನಾನು, ಎತ್ತಿದವಳು ಅವಳು. ಸಂಘದ ಪುಸ್ತಕದಲ್ಲಿ ಹಾಗೆಯೇ ಬರೆ."

"ಅದೆಲ್ಲ ಆಮೇಲೆ" ಎಂದಳು ಕಲೈಸೆಲ್ವಿ, ಗೇರ್ ಹಾಕುತ್ತ. "ಮೊದಲು ಟಯರಿಗೆ ಗಾಳಿ ತುಂಬುವ ಅಂಗಡಿ ಎಲ್ಲಿದೆ ಅಂತ ನೋಡಿ."

ಸುಧಾಕರನ್ ಕಿಟಕಿಯಿಂದ ತಲೆ ಹೊರಹಾಕಿ ಹುಡುಕತೊಡಗಿದ.