ನೆಲದ ರುಚಿ

ಮೂರನೇ ಸಲ ಸೋಪು ಹಚ್ಚಿ ಉಜ್ಜಿದರೂ ಗಂಡನ ಅಂಗಾಲಿನ ಹಸಿರು ಬಿಡಲಿಲ್ಲ. ಹಿಮ್ಮಡಿಯ ಬಿರುಕುಗಳಲ್ಲಿ ಅದು ಶಾಯಿಯ ಹಾಗೆ ಇಳಿದು ಕೂತಿತ್ತು. ಅವಳು ಬಟ್ಟೆ ಒಗೆಯುವ ಬ್ರಷ್ಷನ್ನು ಕೈಗೆತ್ತಿಕೊಂಡಳು. ಆಮೇಲೆ, ಈಗಲೂ ಆ ಕಾಲಿಗೆ ನೋವಾದೀತೇನೋ ಎಂಬಂತೆ ಕೆಳಗಿಟ್ಟಳು.

"ಬಿಡಮ್ಮ, ಅದು ಹೋಗಲ್ಲ," ಎಂದಳು ಮಗಳು, ನೀರಿನ ತಂಬಿಗೆ ಹಿಡಿದು ಪಕ್ಕದಲ್ಲಿ ಕೂತವಳು.

"ನಿನಗೇನು ಗೊತ್ತು? ಚೆನ್ನಾಗಿ ನೆನೆಸಿದ್ರೆ ಎಲ್ಲಾ ಹೋಗತ್ತೆ."

"ಹೋಗಲ್ಲ," ಎಂದು ಮಗಳು ಇನ್ನೊಂದು ಸಲ ಹೇಳಿ, ಗೋಡೆಯ ಕಡೆ ನೋಡಿದಳು.

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಗಾಲ್ಫ್ ಮೈದಾನದ ಹುಲ್ಲನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುವವನು, ಸತ್ತವನಿಗೆ ತಮ್ಮನಂತಿದ್ದವನು. ಸಾವಿನ ಮನೆಗೂ ಮೊಣಕಾಲಿನವರೆಗಿನ ರಬ್ಬರ್ ಬೂಟು ಹಾಕಿಕೊಂಡೇ ಬಂದಿದ್ದ. ಅವನ ಕೈಯಲ್ಲಿ ಹೊಸ ಕಾಲುಚೀಲದ ಒಂದು ಜೊತೆಯಿತ್ತು.

"ಅವರದ್ದೂ ಹೋಗಿರ್ಲಿಲ್ಲ ಅತ್ತಿಗೆ. ಇದನ್ನ ಹಾಕ್ಬಿಡಿ."

"ಯಾರದ್ದು?"

ಮೇಸ್ತ್ರಿ ಬಾಯಿತಪ್ಪಿದವನ ಹಾಗೆ ತುಟಿ ಕಚ್ಚಿಕೊಂಡ. "ಗಾಡಿ ಹನ್ನೊಂದಕ್ಕೆ ಬರತ್ತಂತೆ," ಎಂದು ಕಾಲುಚೀಲವನ್ನು ಹೊಸ್ತಿಲ ಮೇಲಿಟ್ಟು ಹೊರಗೆ ನಡೆದ.

*

ಮದುವೆಯಾದ ಹೊಸದು. ಒಂದು ಸಂಜೆ ಗಂಡ ಚಾಪೆಯ ಮೇಲೆ ಆರು ಕೋಲುಗಳನ್ನು ಸಾಲಾಗಿ ಮಲಗಿಸಿಕೊಂಡು, ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಏನು ಯೋಚನೆಯೆಂದು ಅವಳು ಕೇಳಿದ್ದಕ್ಕೆ, "ನಾಳೆಗೆ ಯಾವ ವೆಜ್ ತಗೊಂಡು ಹೋಗೋದು ಅಂತ," ಎಂದ.

ಅವಳು ಅಡುಗೆಮನೆಗೆ ಹೋಗಿ ಬುಟ್ಟಿ ನೋಡಿ ಬಂದಳು. "ಆಲೂಗಡ್ಡೆ ಇದೆ, ಕೋಸಿದೆ. ಯಾವುದು ಬೇಕು ಹೇಳಿ, ಬೆಳಿಗ್ಗೆ ಡಬ್ಬಿಗೆ ಮಾಡ್ಕೊಡ್ತೀನಿ."

ಅವನು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡ. ಮಾತು ಕಡಿಮೆಯ ಮನುಷ್ಯ ಅವತ್ತು ಮಾತ್ರ ಒಂದು ಗಂಟೆ ಮಾತಾಡಿದ. ಆಡುವವರು ಕೈಬೀಸಿಕೊಂಡು ಮುಂದೆ ನಡೆದರೆ, ಕೋಲುಗಳ ಚೀಲ ಹೊತ್ತು ಹಿಂದೆ ನಡೆಯುವ ಕ್ಯಾಡಿ ಅವನು. "ದೂರ ಹೊಡೆಯೋದಕ್ಕೆ ತೋಳಿದ್ರೆ ಸಾಕು ಕಣೇ. ಗೆಲ್ಲೋದು ಸೋಲೋದು ಬಾವುಟದ ಹತ್ತಿರದ ನೂರು ಹೆಜ್ಜೇಲಿ. ಅಲ್ಲಿಗೆ ಈ ವೆಜ್ ಕೋಲುಗಳು. ಇದರ ಮುಖ ಅಷ್ಟು ಓರೆಯಿಲ್ಲ, ಚೆಂಡು ತಗ್ಗಾಗಿ ಹೋಗಿ ಉರುಳತ್ತೆ. ಇದು ಅರವತ್ತು ಡಿಗ್ರಿ, ಚೆಂಡು ನೆಟ್ಟಗೆ ಮೇಲಕ್ಕೆ ಹೋಗಿ ಬೆಕ್ಕಿನ ಹಾಗೆ ಇಳಿಯತ್ತೆ. ಇದರ ಅಡಿ ದಪ್ಪ, ಮೆತ್ತನೆ ಮರಳಲ್ಲಿ ಹೂತ್ಕೊಳ್ಳಲ್ಲ. ಅದನ್ನೇ ಗಟ್ಟಿ ನೆಲಕ್ಕೆ ತಗೊಂಡು ಹೋದ್ರೆ ಪುಟಿದು ಮಾನ ಕಳೆಯತ್ತೆ. ಚೀಲದಲ್ಲಿ ಹದಿನಾಲ್ಕಕ್ಕಿಂತ ಒಂದು ಕೋಲೂ ಹೆಚ್ಚಿರಬಾರದು ಅಂತ ಕಾನೂನು. ಈ ಆರರಲ್ಲಿ ಮೂರು ಹೋಗ್ಬೇಕು, ಮೂರು ಮನೇಲಿ ಉಳೀಬೇಕು. ಯಾವ ಮೂರು ಅನ್ನೋದೇ ನನ್ನ ಕೆಲಸ."

"ಅದು ಹೇಗೆ ಗೊತ್ತಾಗತ್ತೆ?"

"ನೆಲ ಹೇಳತ್ತೆ."

ಮರುದಿನ ಬೆಳಕು ಹರಿಯುವ ಮೊದಲೇ ಅವನು ಚಪ್ಪಲಿ ಬಿಟ್ಟು ಮೈದಾನಕ್ಕೆ ಹೊರಟ. ಪ್ರತಿ ಪಂದ್ಯದ ಮುಂಜಾನೆಯೂ ಹೀಗೇ ಹದಿನೆಂಟು ಕುಳಿಗಳ ಸುತ್ತಲೂ ಬರಿಗಾಲಲ್ಲಿ ನಡೆಯುತ್ತಿದ್ದ. ನೆಲ ಎಲ್ಲಿ ಬಿಗಿದಿದೆ, ಎಲ್ಲಿ ಸಡಿಲವಾಗಿದೆ ಎಂಬುದು ಅಂಗಾಲಿಗೆ ತಿಳಿಯುತ್ತಿತ್ತು. ಕುಳಿಯ ಹತ್ತಿರ ಬಗ್ಗಿ, ಒಂದು ಎಸಳು ಹುಲ್ಲು ಚಿವುಟಿ ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ. ಬೇರಲ್ಲಿ ಎಷ್ಟು ನೀರಿದೆ, ಬಿಸಿಲಿಗೆ ಎಷ್ಟು ಹೊತ್ತಿಗೆ ಒಣಗೀತು ಎಂದು ನಾಲಿಗೆ ಹೇಳುತ್ತಿತ್ತು. ಮೈದಾನದವರೆಲ್ಲ ಅವನನ್ನು ನಾಲಿಗೆಯಣ್ಣ ಎಂದೇ ಕರೆದರು. ದಿನಕ್ಕೆ ಹತ್ತು ಮಾತಾಡದವನಿಗೆ ಆ ಹೆಸರು ಬಂತಲ್ಲ ಎಂದು ಅವಳು ಎಷ್ಟೋ ಸಲ ನಕ್ಕಿದ್ದಳು.

*

ಹತ್ತು ಗಂಟೆಗೆ ಮನೆ ತುಂಬಿತ್ತು. ಕ್ಯಾಡಿಗಳು ಮೆಟ್ಟಿಲ ಮೇಲೆ, ಗೋಡೆಯ ಉದ್ದಕ್ಕೆ, ಚೀಲವಿಲ್ಲದ ಹೆಗಲನ್ನು ಏನು ಮಾಡಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು.

"ಒಂದ್ಸಲ ನಾಲಿಗೆಯಣ್ಣ ಜಡ್ಜ್ ಸಾಹೇಬ್ರಿಗೇ ಬೈದಿದ್ದ," ಎಂದ ಒಬ್ಬ. "ಅರವತ್ತರ ಕೋಲು ಕೊಡೋ ಅಂದ್ರೆ, ಅದು ಮನೇಲಿ ಮಲಗಿದೆ, ನಿಮಗೆ ಇವತ್ತು ಅದರ ಯೋಗ್ಯತೆ ಇಲ್ಲ ಅಂದಿದ್ದ."

"ಸಾಹೇಬ್ರು ಏನಂದ್ರು?"

"ಏನಂತಾರೆ? ಅವತ್ತು ಗೆದ್ದೇ ಬಂದ್ರಲ್ಲ."

ಮೆಲ್ಲಗೆ ನಕ್ಕರು. ನಕ್ಕದ್ದು ಸತ್ತವನಿಗೆ ಕೇಳಿಸೀತೆಂಬಂತೆ ಥಟ್ಟನೆ ನಿಲ್ಲಿಸಿದರು.

ಮಗಳು ಕೆಲಸ ಮಾಡುವ ಕನ್ನಡಕದಂಗಡಿಯ ಯಜಮಾನರು ಬಂದು ತಾಯಿಯ ಎದುರು ಕೂತರು. ಒಳ್ಳೆಯ ಮನುಷ್ಯ. ಸಮಾಧಾನದ ಮಾತು ಮುಗಿದ ಮೇಲೆ ಇನ್ನೇನು ಹೇಳುವುದೆಂದು ತಿಳಿಯದೆ ಮಗಳನ್ನು ಹೊಗಳಿದರು. "ನಿಮ್ಮ ಹುಡುಗೀದು ಬಂಗಾರದಂಥ ಕೈ ಕಣಮ್ಮ. ಕನ್ನಡಕದ ಸಣ್ಣ ಸ್ಕ್ರೂ ಇರತ್ತಲ್ಲ, ಸಾಸಿವೆ ಕಾಳಿನಷ್ಟು, ಕಣ್ಮುಚ್ಚಿ ಹಾಕ್ತಿದ್ಲು. ಈ ಒಂದು ತಿಂಗಳಿಂದ ಮಾತ್ರ ಯಾಕೋ ಜಾರಿಸ್ತಾಳೆ. ಅಪ್ಪನ ಸೇವೆ ಮಾಡಿ ನಿದ್ದೆಗೆಟ್ಟಿದ್ದಾಳೆ ಅಂತ ಕೌಂಟರಿಗೆ ಹಾಕಿದೀನಿ. ಒಂದೆರಡು ವಾರ ರೆಸ್ಟ್ ತಗೊಳ್ಲಿ."

ಅವಳು ತಲೆಯಾಡಿಸಿದಳು. ಮಗಳು ಅದನ್ನು ಮನೆಯಲ್ಲಿ ಹೇಳಿರಲಿಲ್ಲ.

ಆಮೇಲೆ ಜಡ್ಜ್ ಸಾಹೇಬರು ಬಂದರು. ನಿವೃತ್ತರಾಗಿ ಹನ್ನೆರಡು ವರ್ಷ, ಅಷ್ಟೂ ವರ್ಷ ಅವರ ಚೀಲ ಹೊತ್ತವನು ಇವಳ ಗಂಡ. ಟೋಪಿ ತೆಗೆದು ಶವದ ಮುಂದೆ ಬಹಳ ಹೊತ್ತು ನಿಂತರು. ಅವರ ಕಣ್ಣು ನಿಜವಾಗಿಯೂ ಕೆಂಪಾಗಿತ್ತು.

"ನಿಮ್ಮವರ ಹಾಗೆ ಕೋಲು ಆರಿಸಿಕೊಡೋರು ಇನ್ನು ಸಿಗಲ್ಲಮ್ಮ," ಎಂದರು. "ಈ ಆರು ತಿಂಗಳಂತೂ ಒಂದು ಸಲಾನೂ ತಪ್ಪಲಿಲ್ಲ. ಕಾಯಿಲೆ ಬಿದ್ದ ಮೇಲೆ ಇನ್ನೂ ಚುರುಕಾದ್ರು. ನಡೆಯೋಕೆ ಆಗದಿದ್ರೂ ಬೆಳಿಗ್ಗೆ ಫೋನಲ್ಲಿ ಹೇಳ್ತಿದ್ರು, ಇಂಥ ಮೂರು ತಗೊಳ್ಳಿ ಅಂತ. ಹೇಳಿದ ಹಾಗೇ ಇರ್ತಿತ್ತು ನೆಲ." ಮಗಳ ಕಡೆ ತಿರುಗಿ ದನಿ ತಗ್ಗಿಸಿದರು. "ಈ ಮಾತಿಗೆ ಇದು ಹೊತ್ತಲ್ಲ. ಭಾನುವಾರ ಕೊನೇ ಪಂದ್ಯ. ಅಪ್ಪನ ವಿದ್ಯೆ ನಿನಗೆ ಸ್ವಲ್ಪ ಬರತ್ತೆ ಅಂತ ಅವರೇ ಹೇಳಿದ್ರು. ಬರೋಕಾಗತ್ತಾ ಮಗು?"

"ಬರ್ತೀನಿ ಸರ್," ಎಂದಳು ಮಗಳು ತಟ್ಟನೆ.

ತಾಯಿ ಸಾಹೇಬರ ಮಾತನ್ನು ಮನಸ್ಸಿನಲ್ಲಿ ಇನ್ನೊಂದು ಸಲ ಹೇಳಿಕೊಂಡಳು. ಆರು ತಿಂಗಳು, ಒಂದು ಸಲಾನೂ ತಪ್ಪಲಿಲ್ಲ. ಅದು ಹೇಗೆ ಸಾಧ್ಯ?

*

ಕಳೆದ ವರ್ಷದ ಕೊನೆಯಲ್ಲಿ ಒಂದು ಮಧ್ಯಾಹ್ನ ಅವನು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದ. ಇನ್ನೊಂದು ಎಲ್ಲಿ ಎಂದರೆ ಬಗ್ಗಿ ತನ್ನ ಕಾಲು ನೋಡಿಕೊಂಡ. ಬಿದ್ದುಹೋದದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವಳು ತಮಾಷೆ ಮಾಡಿದಳು, ಅವನೂ ನಕ್ಕ. ಆಮೇಲೆ ಅಂಗಿಯ ಗುಂಡಿಗಳು ಬೆರಳಿಗೆ ಸಿಗದಾದವು. ಊಟ ಸಪ್ಪೆ ಎನ್ನತೊಡಗಿದ. ಉಪ್ಪು ಹಾಕಿ ಹಾಕಿ ಅವಳಿಗೆ ಸಾಕಾಯಿತು.

ಡಾಕ್ಟರು ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ನರ ಸೋತಿದೆ ಎಂದರು. ಕುಡೀತೀರಾ ಎಂದು ಕೇಳಿದರು. ಸಕ್ಕರೆ ಕಾಯಿಲೆ ಇದೆಯಾ ಎಂದರು. ಎರಡೂ ಇರಲಿಲ್ಲ. ವಯಸ್ಸು ಎಂದು ಬರೆದುಕೊಟ್ಟರು. ಅವನಿಗೆ ಐವತ್ತೆಂಟು.

ಹಬ್ಬುವ ನೀರಿನ ಹಾಗೆ ಅದು ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರಿತು. ಕೊನೆಗೆ ಎದೆಗೆ ಬಂದು, ನಿನ್ನೆ ಬೆಳಿಗ್ಗೆ ಉಸಿರಿಗೆ ತಲುಪಿತು. ತನ್ನ ಕಾಲು ಮಂಚದ ಮೇಲಿದೆಯೋ ಕೆಳಗಿದೆಯೋ ಎಂದು ಅವಳನ್ನು ಕೇಳುತ್ತಿದ್ದವನಿಗೆ, ಎರಡು ಮೈಲಿ ಆಚೆಯ ನೆಲದ ಹದ ಯಾರು ಹೇಳುತ್ತಿದ್ದರು?

*

ಅವಳು ಎದ್ದು ಹಿತ್ತಲಿಗೆ ಹೋದಳು. ಮೇಸ್ತ್ರಿ ನಲ್ಲಿಯ ಪಕ್ಕ ಒಬ್ಬನೇ ನಿಂತಿದ್ದ. ಬೂಟಿಗೆ ನೀರು ಬಿಟ್ಟುಕೊಂಡು ತೊಳೆಯುತ್ತಿದ್ದ.

"ಅವರು ಅಂದ್ಯಲ್ಲ ಮೇಸ್ತ್ರಿ. ಯಾರು ಅವರು?"

ಅವನು ನಲ್ಲಿ ನಿಲ್ಲಿಸಿದ. "ಮೂರು ಜನ ಅತ್ತಿಗೆ. ಹೋದ ನಾಲ್ಕು ವರ್ಷದಲ್ಲಿ. ಇಬ್ಬರು ನನ್ನ ಕೈಕೆಳಗಿನೋರು, ಒಬ್ಬ ಕ್ಯಾಡಿ. ಎಲ್ರಿಗೂ ಕಾಲಿಂದಾನೇ ಶುರು."

"ಏನದು?"

"ಹುಲ್ಲಿಗೆ ಹೊಡೆಯೋ ಔಷಧಿ. ಬೂಷ್ಟು ಬರಬಾರದು, ಬಣ್ಣ ಚೆನ್ನಾಗಿ ಕಾಣ್ಬೇಕು ಅಂತ. ಪಂದ್ಯದ ಹಿಂದಿನ ಸಂಜೆ ಹೊಡೀತೀವಿ. ಮಾರನೇ ದಿನ ಇಬ್ಬನಿ ಆರೋವರೆಗೂ ಯಾರೂ ತುಳೀಬಾರದು ಅಂತ ಡಬ್ಬದ ಮೇಲೇ ಬರ್ದಿದೆ. ಆಡೋರು ಬರೋದು ಆಮೇಲೆ. ನಮ್ಮಣ್ಣ ಹೋಗ್ತಿದ್ದದ್ದು ಮೊದಲು."

"ಹೇಳ್ಲಿಲ್ವಾ ನೀನು?"

"ಆಫೀಸಿಗೆ ಹೇಳ್ದೆ. ನನಗೊಂದು ಜೊತೆ ಬೂಟು ಕೊಟ್ರು." ಅವನು ತನ್ನ ಕಾಲು ನೋಡಿಕೊಂಡ. "ಅಣ್ಣಂಗೂ ಹೇಳ್ದೆ. ಬೂಟು ಹಾಕ್ಕೊಂಡ್ರೆ ನೆಲ ಮಾತಾಡಲ್ಲ ಕಣೋ ಅಂದ. ಆಮೇಲೆ ಅಣ್ಣ ಬರೋದು ನಿಂತಾಗ ಸದ್ಯ ಅಂದ್ಕೊಂಡೆ. ಆದ್ರೆ..."

"ಆದ್ರೆ?"

"ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಿ ಅತ್ತಿಗೆ. ಮನೇಲಿ ಕೇಳಿ."

ಹೊರಗೆ ಗಾಡಿ ಹಾರ್ನ್ ಹೊಡೆಯಿತು.

*

ಗುಂಡಿಯ ಸುತ್ತ ಮಣ್ಣು ಜಿಗುಟಾಗಿತ್ತು. ಅವನನ್ನು ಇಳಿಸುವಾಗ ಹಗ್ಗ ಹಿಡಿದವರಲ್ಲಿ ಒಬ್ಬ ಕ್ಯಾಡಿಯ ಕೈ ಸಡಿಲವಾಗಿ ಪೆಟ್ಟಿಗೆ ಒಂದು ಕಡೆ ವಾಲಿತು. ಆ ಕ್ಯಾಡಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಅವಳು ಅದನ್ನೂ ನೋಡಿದಳು. ಇವತ್ತು ಎಲ್ಲವೂ ಅವಳ ಕಣ್ಣಿಗೆ ಬೀಳುತ್ತಿತ್ತು.

ಜನ ಚದುರಿದ ಮೇಲೆ ಕಲ್ಲುಬೆಂಚಿನ ಮೇಲೆ ಮಗಳ ಪಕ್ಕ ಕೂತಳು.

"ಬೆಳಿಗ್ಗೆ ಬೆಳಿಗ್ಗೆ ಓಡೋಕೆ ಹೋಗ್ತೀನಿ ಅಂತಿದ್ಯಲ್ಲ. ಎಲ್ಲಿಗೆ ಓಡ್ತಿದ್ದೆ?"

ಮಗಳು ಕಾಲಿನ ಕೆಸರನ್ನು ಬೆಂಚಿನ ಅಂಚಿಗೆ ಒರೆಸಿದಳು. "ಅಪ್ಪ ಕೇಳ್ಲಿಲ್ಲಮ್ಮ. ನಾನಾಗೇ ಹೋದೆ. ಎರಡು ಸಲ ತಪ್ಪು ಕೋಲು ಕೊಟ್ಟಿದ್ರು. ಎರಡನೇ ಸಲ ಮನೆಗೆ ಬಂದು ಕತ್ತಲೆ ಕೋಣೇಲಿ ಕೂತಿದ್ರಲ್ಲ, ನೀನು ತಲೆನೋವು ಅಂದ್ಕೊಂಡೆ. ಚೀಲ ಇಲ್ಲದಿದ್ರೆ ಅಪ್ಪ ಯಾರು ಹೇಳು? ಚಿಕ್ಕೋಳಿದ್ದಾಗ ಹೆಗಲ ಮೇಲೆ ಕೂರಿಸ್ಕೊಂಡು ಕಲಿಸಿದ್ರು, ನೆನಪಿತ್ತು. ಹೋಗಿ ನಡೆದು ಬಂದು ಹೇಳ್ತಿದ್ದೆ. ಅಪ್ಪ ಕಣ್ಮುಚ್ಚಿ ಕೇಳೋರು. ಹನ್ನೊಂದನೇ ಕುಳಿ ಹತ್ರ ಮರಳು ಹೇಗಿದೆ, ಕಾಲು ಎಷ್ಟು ಇಳಿಯತ್ತೆ ಅಂತ. ನಾನು ಹೇಳಿದ ಮೇಲೆ ಯಾವ ಮೂರು ಅಂತ ಇಬ್ರೂ ಒಟ್ಟಿಗೆ ಹೇಳ್ತಿದ್ವಿ. ಒಂದೇ ಉತ್ತರ ಬರ್ತಿತ್ತು." ಮಗಳ ಮುಖದಲ್ಲಿ ಇಡೀ ದಿನ ಕಾಣದಿದ್ದ ಬೆಳಕು ಬಂದು ಹೋಯಿತು. "ಅಷ್ಟು ಖುಷಿ ಅಪ್ಪಂಗೆ ನಾನು ಯಾವತ್ತೂ ಕೊಟ್ಟಿರ್ಲಿಲ್ಲ."

"ಬರಿಗಾಲಲ್ಲಿ."

"ಇನ್ನು ಹೇಗಮ್ಮ?"

"ಹುಲ್ಲು?"

ಮಗಳು ಕೈಯ ಹಿಂಬದಿಯಿಂದ ತುಟಿ ಒರೆಸಿಕೊಂಡಳು.

ಅವಳು ಎದ್ದು, ಕಾರಿನ ಬಾಗಿಲು ತೆರೆಯುತ್ತಿದ್ದ ಜಡ್ಜ್ ಸಾಹೇಬರ ಹತ್ತಿರ ನೇರವಾಗಿ ನಡೆದಳು. ಹನ್ನೆರಡು ವರ್ಷದಲ್ಲಿ ಅವರ ಎದುರು ನಾಲ್ಕು ಮಾತಾಡಿದವಳಲ್ಲ. "ಸಾಹೇಬ್ರೇ, ಅವಳು ಭಾನುವಾರ ಬರಲ್ಲ. ಆರು ತಿಂಗಳಿಂದ ನಿಮಗೆ ಕೋಲು ಆರಿಸಿದ್ದೇ ಅವಳು. ಅದಕ್ಕೆ ಬರಲ್ಲ. ನಿಮ್ಮ ಹುಲ್ಲಿಗೆ ಸಂಜೆ ಏನು ಹೊಡೀತಾರೆ ಅಂತ ಆಫೀಸಲ್ಲಿ ಕೇಳಿ. ನಾವು ಕೇಳಿದ್ರೆ ಬೂಟು ಕೊಡ್ತಾರೆ. ನೀವು ಕೇಳಿದ್ರೆ ಹೆಸರು ಹೇಳ್ತಾರೆ. ಆ ಹೆಸರು ನನಗೆ ಬೇಕು, ನಾಳೆ ಬೆಳಿಗ್ಗೆ ಡಾಕ್ಟರಿಗೆ ತೋರಿಸ್ಬೇಕು."

ಅವರು ಕಾರಿನ ಬಾಗಿಲನ್ನು ಮತ್ತೆ ಮುಚ್ಚಿದರು. ತಮ್ಮ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಂಡರು. "ಕೇಳ್ತೀನಮ್ಮ," ಎಂದರು ಕೊನೆಗೆ. "ಇವತ್ತೇ ಕೇಳ್ತೀನಿ."

ಮನೆಗೆ ಬಂದಾಗ ನೆರೆಮನೆಯವಳು ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಹೋಗಿದ್ದಳು. ಇಬ್ಬರ ಕಾಲಿಗೂ ಮಂಡಿಯವರೆಗೆ ಕೆಸರು ಮೆತ್ತಿತ್ತು.

"ನೀನು ಕೂತ್ಕೋ, ನಾನು ತರ್ತೀನಿ," ಎಂದು ಮಗಳು ಒಳಗೆ ಹೋದಳು.

ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಇನ್ನೂ ಹೊತ್ತಿದೆ, ಎಂದುಕೊಂಡಳು. ತಿಂಗಳ ಹಿಂದೆ ಮಗಳಿಗೆ ಶುರುವಾದದ್ದು ಇಷ್ಟು ಬೇಗ ಎಲ್ಲಿಗೆ ಹೋಗಿರುತ್ತದೆ? ಪಾತ್ರೆಯ ಮುಚ್ಚಳ ಸಣ್ಣಗೆ ನಡುಗುವ ಸದ್ದು ಕೇಳುತ್ತಿತ್ತು. ಮಗಳು ಅದನ್ನು ಎತ್ತಿಟ್ಟ ಮೇಲೆ ಸದ್ದು ನಿಂತಿತು. ನೀರು ಕಲಕಿದ ಸಪ್ಪಳವಾಯಿತು.

"ಆಯ್ತೇನೇ?" ಎಂದು ಕೇಳುತ್ತ ಅವಳು ಅಡುಗೆಮನೆಯ ಬಾಗಿಲಿಗೆ ಬಂದಳು.

ಕಿಟಕಿಯ ಗಾಜು ಹಬೆಯಿಂದ ಪೂರ್ತಿ ಮಂಜಾಗಿತ್ತು. ಮಗಳು ಒಲೆಯ ಮುಂದೆ ಬೆನ್ನು ಮಾಡಿ ನಿಂತಿದ್ದಳು. ಅವಳ ಬಲಗೈ ಮಣಿಕಟ್ಟಿನವರೆಗೂ ಗುಳ್ಳೆಯೇಳುತ್ತಿದ್ದ ನೀರಿನೊಳಗಿತ್ತು.

"ಇನ್ನೂ ಉಗುರುಬೆಚ್ಚಗಿದೆ ಅಮ್ಮ," ಎಂದಳು ತಿರುಗದೆಯೇ. "ಸ್ವಲ್ಪ ಕಾಯ್ಲಿ."