ಏರಿಸಿದ ಶ್ರುತಿ

ಅಣ್ಣಿಗೇರಿಯ ನಾಜಮೀನ್ ಮತ್ತು ತಿರ್ಲಾಪುರದ ನಾಗರತ್ನಾ ಎಂಟು ವರ್ಷ ಒಂದೇ ವೇದಿಕೆಯ ಮೇಲೆ ಅಕ್ಕಪಕ್ಕ ನಿಂತು ಹಾಡಿದವರು. ಬ್ಯಾನರಿನಲ್ಲಿ ‘ನಾಜು–ನಾಗು ಜೋಡಿ’ ಎಂದೇ ಬರೆಸುತ್ತಿದ್ದರು. ಮದುವೆ ಇರಲಿ, ಗಣಪತಿ ಪೆಂಡಾಲು ಇರಲಿ, ಉರುಸು ಇರಲಿ, ಏರುದನಿ ನಾಜಮೀನಳದು, ಇಳಿದನಿ ನಾಗುವಿನದು. ಕೇಳಿದವರು ಇಬ್ಬರನ್ನೂ ಬಿಡಿಸಿ ನೋಡುತ್ತಿರಲಿಲ್ಲ.

ನಾಗು ಕುರಿ ಕಾಯುವವರ ಮನೆಯ ಹುಡುಗಿ. ಎರೆಹೊಲದ ಬಯಲಿನಲ್ಲಿ ಕೂಗಿ ಕೂಗಿ ರೂಢಿಯಾದ ಗಂಟಲು. ಮೊದಮೊದಲು ಮೈಕಿಗೆ ಬಾಯಿ ಹಚ್ಚಿದರೆ ಸ್ಪೀಕರ್ ಕಿರ್‍ರ್ ಎನ್ನುತ್ತಿತ್ತು. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ ಇರಬೇಕೆಂದು ಅವಳ ತುಟಿಯ ಮುಂದೆ ತನ್ನ ಬೆರಳು ಅಡ್ಡ ಹಿಡಿದು ತೋರಿಸಿಕೊಟ್ಟವಳು ನಾಜಮೀನ್. ಉಸಿರು ಎಲ್ಲಿ ಎಳೆಯಬೇಕು, ಮಂದಿ ಸೀಟಿ ಹೊಡೆದರೆ ಎತ್ತ ನೋಡಬೇಕು, ಎಲ್ಲ ಹೇಳಿಕೊಟ್ಟವಳೂ ಅವಳೇ. ನಾಲ್ಕು ವರ್ಷ ದೊಡ್ಡವಳಾದ ಅವಳನ್ನು ನಾಗು ‘ನಾಜಕ್ಕಾ’ ಎಂದು ಕರೆಯುತ್ತಿದ್ದಳು.

ಹೋದ ವರ್ಷ ದೀಪಾವಳಿ ಮುಗಿದ ವಾರದಲ್ಲಿ ನವಲಗುಂದದ ಜಾಕೀರ್ ಇಬ್ಬರನ್ನೂ ತನ್ನ ಸ್ಟುಡಿಯೋಗೆ ಕರೆಸಿದ. ಅವರ ಜೋಡಿ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕಿದವನು ಅವನೇ. ಸ್ಟುಡಿಯೋ ಎಂದರೆ ನಡುವೆ ಗಾಜಿನ ಅಡ್ಡಗೋಡೆ ಇದ್ದ ಒಂದು ಕೋಣೆ. ಹೊರಗಿನ ಟ್ರ್ಯಾಕ್ಟರಿನ ಸದ್ದು ಒಳಗೆ ಬಾರದಂತೆ ಗೋಡೆಯ ತುಂಬ ಹತ್ತಿಯ ಗಾದಿ ಬಡಿದಿದ್ದ. ಆ ಗಾದಿಗಳನ್ನು ಹೊಲಿದುಕೊಟ್ಟವನು ನಾಜಮೀನಳ ಗಂಡ ಆಸೀಫ್.

ಚಹಾ ಕುಡಿಸಿ, ಜಾಕೀರ್ ನಾಜಮೀನಳತ್ತ ತಿರುಗಿ ಮಾತು ತೆಗೆದ. “ಆಪಾ, ಜೋಡಿ ಹಾಡು ಭಾಳ ಆದ್ವು. ಮಂದಿ ಹೊಸಾದು ಕೇಳ್ತಾರ. ನಾಗೂನ ಒಂದು ಆಲ್ಬಮ್ ಮಾಡೂಣು ಅಂದ್ಕೊಂಡೇನ್ರಿ. ಆರು ಹಾಡು. ಆಕಿ ಒಬ್ಬಾಕೀನ.”

ನಾಜಮೀನಳಿಗೆ ಮೊದಲು ಅರ್ಥವೇ ಆಗಲಿಲ್ಲ. “ನಾಗೂನ ಅಂದ್ರ?”

“ಆಕಿ ದನ್ಯಾಗ ಏನೋ ಐತ್ರಿ ಆಪಾ. ಸ್ವಲ್ಪ ಒಡಕು, ಸ್ವಲ್ಪ ಮಣ್ಣು. ನೀವು ಕೋರಸ್ ಹಾಡ್ರಿ. ನೀವಿಲ್ದ ಆಗೂದಿಲ್ಲ.”

ನಾಗು ತಲೆ ಎತ್ತಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದಳು. ಅಂದರೆ ಇವಳಿಗೆ ಮೊದಲೇ ಗೊತ್ತಿತ್ತು. ನಾಜಮೀನಳಿಗೆ ಆಲ್ಬಮ್ಮಿಗಿಂತ ಹೆಚ್ಚು ಚುಚ್ಚಿದ್ದು ಅದು.

“ಚೊಲೋ ಆತು ಬಿಡು,” ಎಂದಳು. ನಕ್ಕಳು ಕೂಡ. ಮನೆಗೆ ಬಂದು ಅನ್ನಕ್ಕಿಟ್ಟು, ಅನ್ನ ಸೀದು ವಾಸನೆ ಬರುವವರೆಗೂ ಒಲೆಯ ಮುಂದೆಯೇ ನಿಂತಿದ್ದಳು.

“ನಿಂದೂ ಒಂದಿನ ಆಗ್ತೈತಿ ತಗೋ,” ಎಂದ ಆಸೀಫ್, ಸೀದ ಪಾತ್ರೆ ಇಳಿಸುತ್ತ. ಒಳ್ಳೆಯ ಮನುಷ್ಯ. ಅವತ್ತು ಅವನ ಒಳ್ಳೆಯತನವೂ ಅವಳಿಗೆ ಸೇರಲಿಲ್ಲ.

ಆಲ್ಬಮ್ಮಿಗೆ ‘ಒಬ್ಬಾಕಿ’ ಎಂದು ಹೆಸರಿಟ್ಟರು. ಕೆಲಸ ಶುರುವಾಯಿತು. ವಾರಕ್ಕೆರಡು ಸಲ ನಾಜಮೀನ್ ಬಸ್ಸು ಹತ್ತಿ ನವಲಗುಂದಕ್ಕೆ ಹೋಗಿ, ಗಾಜಿನ ಆಚೆ ನಿಂತ ನಾಗುವಿನ ಹಾಡಿಗೆ ಈಚೆಯಿಂದ ‘ಆ… ಹಾ…’ ಎಂದು ಹಿಂದನಿ ಕೊಟ್ಟು ಬರುತ್ತಿದ್ದಳು. ನೋಡಬಾರದೆಂದುಕೊಂಡದ್ದೆಲ್ಲ ಕಣ್ಣಿಗೆ ಬೀಳುತ್ತಿತ್ತು. ನಾಗುವಿಗೆ ಸ್ಟೀಲಿನ ಲೋಟದಲ್ಲಿ ಬಿಸಿನೀರು, ತನಗೆ ಕಾಗದದ ಕಪ್ಪಿನಲ್ಲಿ ಚಹಾ. ನಾಗು ತಪ್ಪಿದರೆ “ಅಡ್ಡಿ ಇಲ್ಲವಾ, ಮತ್ತ ತಗೋಳೂಣು,” ತಾನು ತಪ್ಪಿದರೆ “ಆಪಾ, ಲಕ್ಷ್ಯ ಎಲ್ಲೈತ್ರಿ?” ಪೋಸ್ಟರಿಗೆ ಫೋಟೋ ತೆಗೆಯಲು ಧಾರವಾಡದಿಂದ ಒಬ್ಬ ಬಂದ. ನಾಗುವಿನ ಹಣೆಯ ಮೇಲಿನ ಕೂದಲನ್ನು ಅವನು ಹೇಳಿದಂತೆ ಸರಿಪಡಿಸಿದ್ದೂ ನಾಜಮೀನಳ ಕೈಯೇ. ಫೋಟೋದಲ್ಲಿ ಆ ಕೈ ಬರಲಿಲ್ಲ.

ಐದು ಹಾಡು ಮುಗಿದವು. ಆರನೆಯದನ್ನು ನಾಗು ತಾನೇ ಬರೆದಿದ್ದಳು.

*ಮುಗಿಲಾಗ ಮನಿ ಕಟ್ಟೀದಿ,*
*ಏಣೀನ ಯಾಕ ಇಡಲಿಲ್ಲ…*

ಜಾಕೀರ್ ಅದನ್ನು ಓದಿ ತೋರಿಸಿದಾಗ ನಾಜಮೀನಳ ಎದೆಯಲ್ಲಿ ಒಂದು ಕೆಂಡ ಬಿದ್ದಂತಾಯಿತು. ಎಂಟು ವರ್ಷ ಒಂದೇ ಬುತ್ತಿಯಲ್ಲಿ ಉಂಡವಳು, ಬರೆಯುತ್ತೇನೆಂದು ಒಂದು ಮಾತು ಹೇಳಿರಲಿಲ್ಲ. ಸಾಲು ಚೆನ್ನಾಗಿಲ್ಲದಿದ್ದರೆ ಆ ಉರಿ ಅಷ್ಟಕ್ಕೇ ಆರುತ್ತಿತ್ತು. ಸಾಲು ಚೆನ್ನಾಗಿತ್ತು.

ಆ ದಿನ ನಾಗು ಬರುವುದು ತಡವಾಯಿತು; ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸವಿತ್ತು. ಅಷ್ಟರೊಳಗೆ ಸನಾದಿ ಊದುವ ಖಾಜಾಸಾಬರು ಕುಂದಗೋಳದಿಂದ ಬಂದು ಕುಳಿತಿದ್ದರು. ವಯಸ್ಸಾದವರು, ಮಧ್ಯಾಹ್ನದ ಬಸ್ಸಿಗೇ ಹಿಂದಿರುಗಬೇಕು. ಹಾಡುವವಳು ಬರುವ ಮೊದಲೇ ಅವರ ಸನಾದಿಯನ್ನು ರೆಕಾರ್ಡ್ ಮಾಡಿಕೊಳ್ಳಬೇಕಾಗಿತ್ತು.

ಜಾಕೀರ್ ಕೀಬೋರ್ಡಿನ ಮೇಲೆ ಬೆರಳಿಟ್ಟು ಕೇಳಿದ. “ಆಪಾ, ಇದನ್ನೂ ಕಾಳಿ ಮೂರಕ್ಕ ಇಡ್ಲೇನ್ರಿ?”

ಕಾಳಿ ಮೂರು ಎಂದರೆ ಮೂರನೆಯ ಕಪ್ಪು ಪಟ್ಟಿಯ ಶ್ರುತಿ. ಅದು ನಾಗುವಿನ ಗಂಟಲಿನ ಸ್ವಂತ ಮನೆ. ಅದಕ್ಕಿಂತ ಏರಿದರೆ ಅವಳ ದನಿ ಬಿಗಿಯುತ್ತದೆ. ಇದು ನಾಜಮೀನಳಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

“ಇದು ಏರು ಹಾಡು,” ಎಂದಳು ನಾಜಮೀನ್. ತನ್ನ ಬಾಯಿಂದ ಬಂದ ಮಾತು ಅಷ್ಟು ಸಲೀಸಾಗಿರುವುದು ಅವಳಿಗೇ ಸೋಜಿಗವೆನಿಸಿತು. “ಆಕಿ ಇದನ್ನ ಕಾಳಿ ಐದರಾಗ ಹಾಡ್ತಾಳ. ಮನ್ಯಾಗ ಹಾಡೂದು ನಾ ಕೇಳೇನಿ.”

“ಐದು? ಖರೇನ?”

“ನಂಗಿಂತ ನಿಂಗ ಜಾಸ್ತಿ ಗೊತ್ತೇನು?”

ಜಾಕೀರ್ ಮತ್ತೆ ಕೇಳಲಿಲ್ಲ. ಖಾಜಾಸಾಬರು ಕಾಳಿ ಐದಕ್ಕೆ ಸನಾದಿ ಹೊಂದಿಸಿಕೊಂಡು ಕಣ್ಣು ಮುಚ್ಚಿ ಊದಿದರು. ಕೋಣೆಯ ಗಾದಿಗಳೆಲ್ಲ ಆ ದನಿಯನ್ನು ಕುಡಿದವು. ಅವರು ಬಸ್ಸಿಗೆ ಹೋದ ಮೇಲೆ ನಾಗು ಬಂದಳು, ಕೂದಲಲ್ಲಿ ಇನ್ನೂ ಹತ್ತಿಯ ಎಳೆ.

ಹೆಡ್‌ಫೋನ್ ಹಾಕಿಕೊಂಡು ಟ್ರ್ಯಾಕ್ ಕೇಳಿದವಳೇ ನಾಗು ಗಾಜಿನ ಆಚೆಯಿಂದ ತಿರುಗಿ ನಾಜಮೀನಳನ್ನು ನೋಡಿದಳು. ಒಂದು ಗಳಿಗೆ ಅಷ್ಟೇ. ನಾಜಮೀನ್ ಮೊಬೈಲಿನತ್ತ ಕಣ್ಣು ತಗ್ಗಿಸಿದಳು. ನಾಗು ಶ್ರುತಿ ಇಳಿಸಿ ಎನ್ನುತ್ತಾಳೆ, ಸನಾದಿ ಮತ್ತೆ ಊದಿಸಬೇಕಾಗುತ್ತದೆ, ಮುದುಕರು ಮತ್ತೆ ಬರುವುದಿಲ್ಲ, ಈ ಹಾಡು ಬಿದ್ದುಹೋಗುತ್ತದೆ. ನಾಜಮೀನಳ ಲೆಕ್ಕ ಇಷ್ಟೇ ಇತ್ತು. ಆರರಲ್ಲಿ ಒಂದು. ಅದೂ ಆ ಏಣಿಯ ಸಾಲಿನದು.

ನಾಗು ಇಳಿಸಿ ಎನ್ನಲಿಲ್ಲ. ಹಾಡಿದಳು. ‘ಏಣೀನ ಯಾಕ’ ಎನ್ನುವಲ್ಲಿ ದನಿ ಒಡೆಯಿತು. ಮತ್ತೆ ಹಾಡಿದಳು, ಮತ್ತೆ ಒಡೆಯಿತು.

“ಕಂಪ್ಯೂಟರಿನ್ಯಾಗ ಇಳಿಸಲೇನವಾ?” ಎಂದ ಜಾಕೀರ್. ಇಳಿಸಿ ನೋಡಿದರೆ ಸನಾದಿ ಬಾತುಕೋಳಿ ಕೂಗಿದಂತೆ ಕೇಳಿಸಿತು.

“ಇರ್ಲಿ ಬಿಡ್ರಿ. ಹಾಡ್ತೇನಿ,” ಎಂದಳು ನಾಗು.

ಎರಡು ದಿನ ಹಾಡಿದಳು. ಮೂವತ್ತೆಂಟು ಸಲ. ಕುತ್ತಿಗೆಯ ನರ ಎದ್ದು ನಿಲ್ಲುತ್ತಿದ್ದವು. ಮೊದಲ ದಿನ ನಾಜಮೀನಳಿಗೆ ಒಳಗೊಳಗೇ ಹಿತವಾಗಿತ್ತು, ಸುಳ್ಳೇಕೆ ಹೇಳಬೇಕು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಆ ಹಿತ ಹೋಗಿತ್ತು. ಬಾಯಿ ಬಿಟ್ಟು ಹೇಳಿಬಿಡೋಣ ಎಂದು ಎರಡು ಸಲ ಎದ್ದಳು, ಎರಡು ಸಲ ಕುಳಿತಳು. ಕೊನೆಯ ಸಲ ನಾಗು ಏರುವ ಸಾಲನ್ನು ತಲುಪಿದಳು. ದನಿ ಒಡೆಯಿತು, ಆದರೆ ಒಡೆದೇ ಮೇಲೆ ನಿಂತಿತು. ಜಾಕೀರ್ ಕಿವಿಯಿಂದ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ.

ಬಿಡುಗಡೆಗೆ ಎಂಟು ದಿನ ಇರುವಾಗ ಆ ಹಾಡನ್ನು ಮೊದಲು ಯೂಟ್ಯೂಬಿಗೆ ಬಿಟ್ಟರು. ಅದೇ ವಾರ ನಾಗುವಿನ ಗಂಟಲು ಪೂರಾ ಕಟ್ಟಿತು. ಹುಬ್ಬಳ್ಳಿಯ ಡಾಕ್ಟರು ಒಳಗೆ ಬಾವು ಬಂದಿದೆ ಎಂದರು. ಆರು ವಾರ ಹಾಡಬಾರದು, ಮಾತಾಡಬಾರದು, ಪಿಸುಗುಡಲೂಬಾರದು.

ಜಾಕೀರ್ ಅಣ್ಣಿಗೇರಿಗೆ ಓಡಿಬಂದ. “ಆಪಾ, ಹಾಲ್ ಬುಕ್ ಆಗೈತಿ, ಮಂದಿಗೆ ಹೇಳಿಯಾಗೈತಿ. ನಾಗು ಸ್ಟೇಜ್ ಮ್ಯಾಲ ಕುಂದರ್ತಾಳ. ಹಾಡು ನೀವು ಹಾಡ್ರಿ. ಕಾಳಿ ಐದು ನಿಮಗ ನೀರು ಕುಡದಂಗ.”

ಯಾವುದನ್ನು ಬಯಸಿ ಅವಳು ನಿದ್ದೆಗೆಟ್ಟಿದ್ದಳೋ ಅದು ಬಾಗಿಲಿಗೇ ಬಂದು ನಿಂತಿತ್ತು. “ಆತು,” ಎಂದಳು.

ನವಲಗುಂದದ ಕಲ್ಯಾಣ ಮಂಟಪ ತುಂಬಿತ್ತು. ನಾಗು ಕೊರಳಿಗೆ ಶಾಲು ಸುತ್ತಿಕೊಂಡು ವೇದಿಕೆಯ ನಡುವೆ ಕುಳಿತಿದ್ದಳು. ಹಿಂದೆ ಅವಳದೇ ಆಳೆತ್ತರದ ಚಿತ್ರ. ನಾಜಮೀನ್ ಆರೂ ಹಾಡು ಹಾಡಿದಳು. ಆರನೆಯದರ ಏರು ಸಾಲು ಅವಳಿಗೆ ಒಂದಿಷ್ಟೂ ಕಷ್ಟವಾಗಲಿಲ್ಲ. ನುಣ್ಣಗೆ ಏರಿ ನುಣ್ಣಗೆ ಇಳಿದಳು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಮುಗಿದ ಮೇಲೆ ಹಿಂದಿನಿಂದ ಯಾರೋ ಕೂಗಿದರು: “ಆ ಒಡದ ದನೀದು ಹಚ್ಚರಿ, ಮೊಬೈಲ್‌ನ್ಯಾಗಿಂದು!” ಇನ್ನೂ ನಾಲ್ಕು ಮಂದಿ ದನಿಗೂಡಿಸಿದರು. ಜಾಕೀರ್ ಬೇರೆ ದಾರಿ ತೋಚದೆ ರೆಕಾರ್ಡ್ ಹಚ್ಚಿದ. ‘ಏಣೀನ ಯಾಕ’ ಎಂದು ನಾಗುವಿನ ದನಿ ಸ್ಪೀಕರಿನಲ್ಲಿ ಒಡೆದಾಗ ಇಡೀ ಮಂಟಪ ಸುಮ್ಮನಾಯಿತು. ಮೈಕು ಹಿಡಿದುಕೊಂಡು ನಾಜಮೀನ್ ವೇದಿಕೆಯ ಮೇಲೆಯೇ ನಿಂತಿದ್ದಳು, ಇಳಿದು ಹೋಗುವುದಕ್ಕೂ ಬಾರದಂತೆ.

ಕೆಳಗಿಳಿದ ಮೇಲೆ ನಾಗುವಿನ ತಾಯಿ ರೇವವ್ವ ಅವಳ ಕೈ ಹಿಡಿದುಕೊಂಡಳು. “ಅಗದಿ ಚಂದ ಹಾಡಿದಿ ನಮ್ಮವ್ವಾ. ಆದ್ರ ನಮ್ಮಾಕಿ ಅಲ್ಲಿ ಅಳೂವಂಗ ಹಾಡ್ತಾಳಲ್ಲ, ಅದು ನನ್ನ ಕರುಳ ಜಗ್ತೈತಿ. ಯಾಕ ಹಂಗ ಹಾಡಿದ್ಲೋ ಏನೋ.”

ಆ ಮಾತಿಗೆ ನಾಜಮೀನಳ ಬಳಿ ಉತ್ತರವಿತ್ತು. ಮರುದಿನ ಬೆಳಿಗ್ಗೆಯೇ ತಿರ್ಲಾಪುರದ ಬಸ್ಸು ಹತ್ತಿದಳು.

ನಾಗು ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾಜಮೀನಳನ್ನು ಕಂಡು ಎದ್ದು ಚಾಪೆ ಹಾಸಿದಳು. ಮತ್ತೆ ಕುಳಿತು ಶೇಂಗಾ ಸುಲಿಯತೊಡಗಿದಳು.

“ನಾಗು,” ಎಂದಳು ನಾಜಮೀನ್. “ಶ್ರುತಿ ಏರಿಸಿದ್ದು ಜಾಕೀರ್ ಅಲ್ಲ. ನಾನು. ಕಾಳಿ ಐದು ಅಂತ ನಾ ಸುಳ್ಳು ಹೇಳಿದೆ. ನಿನ್ನ ಹಾಡು ಬಿದ್ದು ಹೋಗ್ಲಿ ಅಂತ.”

ನಾಗು ಮೊಬೈಲ್ ತೆಗೆದು ಟೈಪ್ ಮಾಡಿ ಮುಂದೆ ಹಿಡಿದಳು. *ಗೊತ್ತೈತಿ. ಟ್ರ್ಯಾಕ್ ಕೇಳಿದ ಕೂಡ್ಲೇ ಗೊತ್ತಾತು. ಅದು ನಿನ್ನ ಶ್ರುತಿ.*

“ಗೊತ್ತಿತ್ತು? ಮತ್ತ ಇಳಸ್ರಿ ಅಂತ ಯಾಕ ಹೇಳಲಿಲ್ಲಬೇ? ಗಂಟಲಾ ಹರಕೊಂಡಿ!”

ಈ ಸಲ ನಾಗು ಬಹಳ ಹೊತ್ತು ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಬರೆದಳು.

*ಎಂಟು ವರ್ಷ ಏರು ಬಂದಾಗೆಲ್ಲ ನಾ ಬಾಯಿ ಮುಚ್ಚಿ ನಿಂತೇನಿ. ಸೀಟಿ ಬೀಳೂದು ಅಲ್ಲೇ. ಮಂದಿ ನಿನ್ನ ನೋಡೋರು. ಅವತ್ತು ನಿನ್ನ ಶ್ರುತಿ ಕಿವಿಗೆ ಬಿತ್ತು. ಒಮ್ಮೆರ ಅಲ್ಲಿ ಹೋಗಿ ನಿಂದ್ರಬೇಕು ಅನಸ್ತು. ನಂಗೂ ನಿನ್ನ ಮ್ಯಾಲ ಹೊಟ್ಟಿಕಿಚ್ಚಿತ್ತು ನಾಜಕ್ಕಾ.*

ನಾಜಮೀನ್ ಎರಡು ಸಲ ಓದಿದಳು. ಬೈದಿದ್ದರೆ ತಲೆತಗ್ಗಿಸಿ ಕೇಳಿಸಿಕೊಂಡು ಹೋಗುತ್ತಿದ್ದಳು. ಅದಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ಇದಕ್ಕೆ ಸಿದ್ಧಳಿರಲಿಲ್ಲ. ಇಷ್ಟು ವರ್ಷ ತಾನೊಬ್ಬಳೇ ಎತ್ತರದಲ್ಲಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ; ತನ್ನ ಬಾಜೂ ನಿಂತವಳು ಕತ್ತೆತ್ತಿ ನೋಡುತ್ತಿದ್ದುದು ಒಮ್ಮೆಯೂ ಕಂಡಿರಲಿಲ್ಲ. ಅಳು ಬಂತು. ಅಳುವಿನ ಜೊತೆಗೇ ಸಿಟ್ಟೂ ಬಂತು.

“ಹಾಡಾ ಬರೀತಿದ್ದಿ ಅಂತನೂ ಹೇಳಲಿಲ್ಲ ನೀ,” ಎಂದಳು ಮೂಗೊರೆಸಿಕೊಳ್ಳುತ್ತ.

*ನೀ ನಗ್ತಿ ಅಂತ.*

“ನಗ್ತಿದ್ದೆ,” ಎಂದು ಒಪ್ಪಿಕೊಂಡಳು ನಾಜಮೀನ್. ನಾಗು ಸದ್ದಿಲ್ಲದೆ ನಕ್ಕಳು. ನಗುವಿಗೂ ಡಾಕ್ಟರ ಅಪ್ಪಣೆ ಇರಲಿಲ್ಲ. ಇಬ್ಬರೂ ಸೇರಿ ಉಳಿದ ಶೇಂಗಾ ಸುಲಿದರು.

ವಾಪಸ್ಸು ಬರುವಾಗ ನವಲಗುಂದದಲ್ಲಿ ಇಳಿದು ಜಾಕೀರನಿಗೂ ಇದ್ದುದನ್ನು ಇದ್ದಂತೆ ಹೇಳಿದಳು. ಅವನು ಬೈಯಲಿಲ್ಲ, ಕೂರಿ ಎಂದೂ ಹೇಳಲಿಲ್ಲ. “ನಿಮ್ಮನ್ನ ಕೇಳಿ ಶ್ರುತಿ ಇಟ್ಟಿದ್ನಲ್ರಿ ಆಪಾ,” ಎಂದಷ್ಟೇ ಅಂದು ಒಳಗೆ ಹೋದ. ಆಮೇಲೆ ಎಷ್ಟೋ ದಿನ ಅವನ ಫೋನ್ ಬರಲಿಲ್ಲ. ಅದು ನ್ಯಾಯವೇ ಎಂದು ನಾಜಮೀನಳಿಗೂ ಅನ್ನಿಸಿತು.

ಮುಂದಿನ ಸೋಮವಾರ ನಾಗುವನ್ನು ಹುಬ್ಬಳ್ಳಿಗೆ ತೋರಿಸಲು ಕರೆದುಕೊಂಡು ಹೋದವಳು ನಾಜಮೀನ್. ರೇವವ್ವನಿಗೆ ಡಾಕ್ಟರ ಭಾಷೆ ತಿಳಿಯದು, ನಾಗು ಬಾಯಿ ಬಿಡುವಂತಿಲ್ಲ. ಹೆಸರು, ವಯಸ್ಸು, ಎಷ್ಟು ದಿನದಿಂದ ನೋವು, ಎಲ್ಲವನ್ನೂ ನಾಜಮೀನಳೇ ಹೇಳಿದಳು. ಬಾವು ಇಳಿಯುತ್ತಿದೆ, ದನಿ ಬರುತ್ತದೆ, ಆದರೆ ಮೊದಲಿನಷ್ಟೇ ಬರುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ನಾಗು ನೆಲ ನೋಡಿದಳು. ನಾಜಮೀನ್ ಅವಳ ಮುಂಗೈ ಗಟ್ಟಿಯಾಗಿ ಹಿಡಿದಳು.

ಹೊರಗೆ ಔಷಧಿಯ ಚೀಟಿಗೆ ಕಾಯುತ್ತಿದ್ದಾಗ ಒಬ್ಬ ನರ್ಸು ಹತ್ತಿರ ಬಂದು ನಾಗುವಿನ ಮುಖವನ್ನೇ ದಿಟ್ಟಿಸಿದಳು. “ನೀವು ‘ಒಬ್ಬಾಕಿ’ ನಾಗು ಅಲ್ರೀ? ಅಯ್ಯ, ಆ ಏಣಿ ಹಾಡು ದಿನಾ ಕೇಳ್ತೇನ್ರಿ ನಾ! ಒಂದು ಫೋಟೋ ತಗೋಳೂಣೇನ್ರಿ?” ಎಂದವಳೇ ತನ್ನ ಮೊಬೈಲನ್ನು ನಾಜಮೀನಳ ಕೈಗೆ ಕೊಟ್ಟಳು. “ಅಕ್ಕಾರ, ಸ್ವಲ್ಪ ತಗೀರಲ್ಲ.”

ನಾಜಮೀನಳ ಎದೆಯಲ್ಲಿ ಆ ಹಳೆಯ ಉರಿ ಮತ್ತೆ ಚುಳ್ಳೆಂದಿತು. ಹೋಗಿರಲಿಲ್ಲ ಅದು, ಎಲ್ಲಿಗೂ.

“ನಾಗು, ಇತ್ತಾಗ ತಿರುಗು,” ಎಂದಳು ನಾಜಮೀನ್. “ಮುಖದ ಮ್ಯಾಲ ನೆಳ್ಳ ಬೀಳಾಕತ್ತೈತಿ.” ನಾಗು ಕಿಟಕಿಯತ್ತ ತಿರುಗಿದಳು. ನಾಜಮೀನ್ ಒಂದು ತೆಗೆದಳು. ಅದರಲ್ಲಿ ನಾಗುವಿನ ಕಣ್ಣು ಮುಚ್ಚಿದ್ದವು. ಮತ್ತೊಂದು ತೆಗೆದಳು.