ಬಿಳಿ ಕಾರಿಗೆ ಬರೆದ ನಾಲ್ಕು ಸಾಲು

ರಮ್ಯ ಬಂದಾಗ ನಾನು ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದೆ. ಗೇಟು ಗೋಡೆಗೆ ಬಡಿದ ಸದ್ದಿನಲ್ಲೇ ಬಂದವರು ಜಗಳಕ್ಕೆ ಬಂದಿದ್ದಾರೆ ಅನ್ನಿಸಿತು. ಮೊರ ಕೆಳಗಿಟ್ಟು ಹಜಾರಕ್ಕೆ ಬರುವಷ್ಟರಲ್ಲಿ ಆಕೆ ನನ್ನ ಕಂಪ್ಯೂಟರಿನ ಎದುರು ನಿಂತಿದ್ದಳು. ಸೊಂಟದ ಮೇಲೆ ನಾಲ್ಕು ವರ್ಷದ ಮಗಳು ಚಿನ್ನು. ಮಗುವಿನ ಮೇಲ್ದುಟಿಗೆ ಎರಡು ಹೊಲಿಗೆ ಬಿದ್ದಿತ್ತು. ದಾರದ ತುದಿ ಇರುವೆಯ ಮೀಸೆಯ ಹಾಗೆ ಹೊರಗೆ ನಿಂತಿತ್ತು.

"ಇದೇನಾ ಆ ಡಬ್ಬ?" ಅಂದಳು. "ಇದ್ರಲ್ಲಿ ಬರೆದದ್ದನ್ನ ನಂಬಿ ತಾನೇ ನಾನು ಕಾರ್ ತಗೊಂಡಿದ್ದು?"

ಮೂರು ವಾರದ ಹಿಂದೆ ಇದೇ ಹಜಾರದಲ್ಲಿ ಕೂತು ಮಜ್ಜಿಗೆ ಕುಡಿದು ಹೋಗಿದ್ದವಳು. ಮೈಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ತವರು ಕೆ.ಆರ್. ಪೇಟೆ ಕಡೆಯ ಮಾಕವಳ್ಳಿ. ಗಂಡನಿಂದ ಬೇರೆಯಾಗಿ ಎರಡು ವರ್ಷವಾಗಿತ್ತು. "ಯಾರನ್ನೂ ಕೇಳದೆ ನಮ್ಮಮ್ಮನ ಮನೆಗೆ ಹೋಗಿಬರೋ ಹಾಗಿರ್ಬೇಕು, ಅದಕ್ಕೇ ಕಾರು" ಅಂದಿದ್ದಳು. ಆ ಮಾತು ನನ್ನ ನೆನಪಿನಲ್ಲಿ ಉಳಿದಿತ್ತು.

ಈಗ ಕೂರು ಅಂದರೂ ಕೂರಲಿಲ್ಲ. ನಿಂತೇ ಹೇಳಿದಳು. ಭಾನುವಾರ ತವರಿಗೆ ಹೊರಟಿದ್ದಳಂತೆ. ಚಿನಕುರಳಿ ದಾಟಿದ ಮೇಲೆ ರಸ್ತೆಯ ಗುಂಡಿಗೆ ಚಕ್ರ ಇಳಿದದ್ದೇ ತಡ, ಕಾರಿನ ಮುಂದಿನ ಎಡಗಡೆ ಕುಸಿದು, ಗಾಡಿ ಕಬ್ಬಿನ ಗದ್ದೆಯ ಬದುವಿಗೆ ಹೋಗಿ ನಿಂತಿತಂತೆ. ಪಾಂಡವಪುರದಿಂದ ಬಂದ ಮೆಕ್ಯಾನಿಕ್ ಕೆಳಗೆ ತೂರಿ ನೋಡಿ, ಎದ್ದು ಪ್ಯಾಂಟು ಕೊಡವಿಕೊಂಡು, "ಮೇಡಂ, ಇದು ಒಂದ್ಸಲ ಮುಂದ್ಗಡೆ ಪೂರ್ತಿ ಎದ್ದೋಗಿರೋ ಗಾಡಿ. ಕತ್ರಿಸಿ ಬೆಸುಗೆ ಆಕಿ, ಮ್ಯಾಕೆ ಪುಟ್ಟಿ ಬಳ್ದವ್ರೆ" ಅಂದನಂತೆ.

"ನೀವು ಬರೆದದ್ದು ನಂಗೆ ಬಾಯಿಪಾಠ ಆಗಿದೆ. ಒಬ್ಬರೇ ಓಡಿಸಿದ ಗಾಡಿ. ಹಿಂದಿನ ಸೀಟು ಹರಿದಿದೆ. ಬ್ಯಾಟರಿ ಬದಲಾಯಿಸಬೇಕು. ಅಪಘಾತ ಆಗಿಲ್ಲ. ಹರಿದ ಸೀಟನ್ನೂ ಬರೆಯೋ ಹೆಂಗಸು ಸುಳ್ಳು ಹೇಳ್ತಾಳಾ ಅಂತ ನಂಬಿದ್ನಲ್ಲ, ನಾನು ಕತ್ತೆ."

"ದುಡ್ಡಿನ ವಿಷಯ..." ಅಂತ ನಾನು ಬಾಯಿ ತೆಗೆದೆ.

"ದುಡ್ಡಿಗೆ ವಕೀಲರಿದಾರೆ. ನಿಮ್ಮಿಂದ ನಂಗೆ ಬೇಕಾಗಿರೋದು ಒಂದೇ. ಎಲ್ಲಿ ಬರೆದ್ರೋ ಅಲ್ಲೇ ಬರೀರಿ. ಸುಳ್ಳು ಬರೆದಿದ್ದೆ ಅಂತ, ಯಾರು ಮಾಡಿದ್ದು ಅಂತ. ಶನಿವಾರದೊಳಗೆ. ಇಲ್ದಿದ್ರೆ ಇನ್ನೊಬ್ಬಳು ಯಾವಳೋ ಮಗು ಕೂರಿಸ್ಕೊಂಡು ಹೋಗ್ತಾಳೆ, ನಿಮ್ಮ ಇನ್ನೊಂದು ಕಾರಲ್ಲಿ."

ಮಗು ನನ್ನನ್ನೇ ನೋಡುತ್ತಿತ್ತು. ಕೈ ಚಾಚಿದೆ. ರಮ್ಯ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊರಟುಹೋದಳು.

ನಮ್ಮ ಮನೆ ಇರುವುದು ಬಾಬುರಾಯನಕೊಪ್ಪಲಿನಲ್ಲಿ, ಮೈಸೂರು ರಸ್ತೆಗೆ ಮುಖ ಮಾಡಿ. ಮುಂದೆ ನನ್ನ ಗಂಡ ಲಕ್ಷ್ಮಣನ ಶೆಡ್ಡು. ನುಗ್ಗಾದ ಕಾರುಗಳ ಮೈ ಬಡಿದು ಸರಿ ಮಾಡುವ ಟಿಂಕರಿಂಗ್ ಕೆಲಸ. ಹಿಂದೆ ಮನೆ. ತೊಂಬತ್ತೆಂಟರಲ್ಲಿ ನಾನು ಮೈಸೂರಿನ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಇಂಟರ್ನೆಟ್ ಅನ್ನುವುದನ್ನು ಅಲ್ಲಿ ಮೊದಲು ನೋಡಿದೆ. ಬೀದಿಯಲ್ಲಿ ನಿಲ್ಲದೆಯೂ ವ್ಯಾಪಾರ ಮಾಡಬಹುದು, ಯಾರ ಕಣ್ಣಿಗೂ ಬೀಳದೆ ಗಿರಾಕಿಯ ಜೊತೆ ಮಾತಾಡಬಹುದು ಅನ್ನುವುದು ನನ್ನನ್ನು ಹಿಡಿದುಬಿಟ್ಟಿತು. ನಲವತ್ತನೆಯ ವಯಸ್ಸಿಗೆ ಇನ್ನೇನೂ ಹೊಸದು ಬರುವುದಿಲ್ಲ ಅಂದುಕೊಂಡಿದ್ದವಳು ನಾನು. ಕೇಂದ್ರದವರು ಮಾರಿದ ಹಳೇ ಕಂಪ್ಯೂಟರನ್ನು ಮನೆಗೆ ತಂದೆ. ತೊಂಬತ್ತೊಂಬತ್ತರ ಯುಗಾದಿಗೆ ಇಂಟರ್ನೆಟ್ಟಿನಲ್ಲಿ ನನ್ನ ಪುಟ ಶುರುವಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಸೆಕೆಂಡ್ ಹ್ಯಾಂಡ್ ಕಾರುಗಳು.

ಬಸ್ಸಿನಲ್ಲಿ ಹೋಗಿ ಕಾರು ನೋಡಿ, ಫೋಟೋ ತೆಗೆದು, ಪಟ್ಟಣದ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಯಲ್ಲಿ ತಂದು ಪುಟಕ್ಕೆ ಹಾಕುವುದು. ಪ್ರತಿ ಕಾರಿಗೂ ಒಂದು ಬೆಲೆ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಆ ಸಾಲುಗಳಲ್ಲಿ ಕಾರಿಗಿರುವ ಐಬನ್ನೂ ಬರೆಯುತ್ತಿದ್ದೆ. ಮೈಸೂರು, ಬೆಂಗಳೂರಿನ ಬ್ಯಾಂಕು, ಕಾಲೇಜುಗಳಲ್ಲಿ ಇಂಟರ್ನೆಟ್ ಇದ್ದವರು ಆ ಐಬನ್ನು ಓದಿಯೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಐಬು ಹಿಡಿಯುವ ಕಿವಿ ಅಪ್ಪನದು. ಅಪ್ಪ ಬೋರಾಚಾರಿ ಬಿಂಡಿಗನವಿಲೆಯಲ್ಲಿ ಕುಲುಮೆ ಇಟ್ಟಿದ್ದರು. ನೇಗಿಲ ಗುಳವನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿದು, ಕಣ್ಣಿಗೆ ಕಾಣದ ಬಿರುಕು ಎಲ್ಲಿದೆ ಅಂತ ಹೇಳುತ್ತಿದ್ದರು. ಕಾರಿಗೂ ಅದೇ. ಒಳ್ಳೆಯ ತಗಡು ಗಣ್ಣನ್ನುತ್ತದೆ. ಪುಟ್ಟಿ ತುಂಬಿದ ಕಡೆ ಸದ್ದು ಸತ್ತಿರುತ್ತದೆ. ಗೌಡರ ಅಂಗಳಗಳಲ್ಲಿ ನಾನು ಕಾರಿನ ಸುತ್ತ ಗೆಣ್ಣು ಬಡಿಯುತ್ತ ಹೋದರೆ ಗಂಡಸರು ನಗುತ್ತಿದ್ದರು. "ಯಾಕವ್ವ ಬಾಗ್ಲು ತಟ್ಟೀಯೆ, ಒಳಗ್ಯಾರೂ ಇಲ್ಲ ಕಣವ್ವ" ಅನ್ನುತ್ತಿದ್ದರು. ಒಂದು ಸುತ್ತು ಮುಗಿಯುವಷ್ಟರಲ್ಲಿ ನಗು ನಿಂತಿರುತ್ತಿತ್ತು.

ಮೊದಲಿನಿಂದಲೂ ನಗದವನು ಒಬ್ಬನೇ, ಪಾಂಡವಪುರದ ಕೆಂಪಣ್ಣ. ಹಿಂದೆ ದನದ ದಳ್ಳಾಳಿ, ಈಗ ಕಾರಿನ ದಳ್ಳಾಳಿ. ದನದ ಸಂತೆಯ ಟವಲ್ಲನ್ನು ಕಾರಿನ ವ್ಯಾಪಾರಕ್ಕೂ ತಂದಿದ್ದ. ಟವಲ್ಲಿನ ಕೆಳಗೆ ಮಾರುವವನ ಕೈ ಹಿಡಿದು ಬೆರಳು ಅದುಮಿ ಒಂದು ಬೆಲೆ ಹೇಳುವುದು, ಕೊಳ್ಳುವವನ ಕೈ ಹಿಡಿದು ಇನ್ನೊಂದು ಬೆಲೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಒಳಗೆ ಆದದ್ದನ್ನು ಬಾಯಲ್ಲಿ ಆಡುವ ಹಾಗಿಲ್ಲ. ಆಡಿದವನ ಜೊತೆ ಆಮೇಲೆ ಯಾರೂ ಕೈ ಸೇರಿಸುವುದಿಲ್ಲ. ಹೆಂಗಸಿನ ಕೈ ಅದರೊಳಗೆ ಹೋಗುವ ಮಾತೇ ಇಲ್ಲ. ನನ್ನ ಪುಟದಲ್ಲಾದರೋ ಬೆಲೆ ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

"ಏನ್ ತಾಯಿ," ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರೆದುರು ಒಮ್ಮೆ ಕೇಳಿದ್ದ, "ಗಂಡುಸ್ರು ಮುಚ್ಚಿಟ್ಕಂಡು ಮಾಡೋ ಯವಾರವ ಬಟ್ಟೆ ಬಿಚ್ಚಿ ಬೀದಿಗಿಟ್ಟೀಯಲ್ಲ, ನಾಚ್ಕೆ ಆಗಲ್ವ?"

ಅಂಥವನ ಜೊತೆ ಲಕ್ಷ್ಮಣ ಕೂತಿದ್ದನ್ನು ನಾನು ಕಂಡಿದ್ದೆ. ರಸ್ತೆಯಾಚೆ ಚೌಡಯ್ಯನ ಟೀ ಅಂಗಡಿಯ ಬೆಂಚು, ನಡುವೆ ಕೆಂಪಣ್ಣನ ಹಸಿರಂಚಿನ ಟವಲ್ಲು, ಅದರ ಕೆಳಗೆ ಇಬ್ಬರ ಬಲಗೈ. ಕೇಳಿದ್ದಕ್ಕೆ, "ಗುಜರಿ ಯವಾರ ಕಣೆ, ನಿಂಗ್ಯಾಕೆ" ಅಂದ. ಹತ್ತು ದಿನ ಕಳೆದು ನಮ್ಮ ಶೆಡ್ಡಿನಲ್ಲಿ ಬಿಳಿ ಕಾರು ನಿಂತಿತ್ತು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ನಂಗ್ ಗೊತ್ತಿರೋರ್ದು. ವಸಿ ಗೀರಾಗಿತ್ತು, ಪೇಂಟ್ ಒಡ್ದಿವ್ನಿ. ನಿನ್ ಪುಟಕ್ಕೆ ಆಕು" ಅಂದ ಲಕ್ಷ್ಮಣ.

ನಾನು ಗೆಣ್ಣು ಬಡಿಯಲಿಲ್ಲ. ಶೆಡ್ಡಿನಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ಅವರೆದುರು ಬಡಿದರೆ ಗಂಡನ ಕೈಕೆಲಸವನ್ನು ಹೆಂಡತಿಯೇ ನಂಬಲಿಲ್ಲ ಅಂತಾಗುತ್ತದೆ. ಪರರ ಅಂಗಳದಲ್ಲಿ ಇದ್ದ ಧೈರ್ಯ ನಮ್ಮ ಶೆಡ್ಡಿನಲ್ಲಿ ಇರಲಿಲ್ಲ. ಇಷ್ಟನ್ನು ರಮ್ಯಳಿಗೆ ಹೇಳಬಹುದಿತ್ತು. ಹೇಳದೆ ಉಳಿದೆ, ಏಕೆಂದರೆ ಅದು ಪೂರ್ತಿ ನಿಜವಲ್ಲ. ಫೋಟೋ ತೆಗೆಯಲು ಬಗ್ಗಿದಾಗ ನನ್ನ ಗಾಜಿನ ಬಳೆ ಮುಂದಿನ ಎಡ ಮಡ್ಗಾರ್ಡಿಗೆ ತಾಗಿತ್ತು. ಸದ್ದು ಸತ್ತಿತ್ತು. ನಾನು ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಫೋಟೋ ತೆಗೆದೆ.

ರಮ್ಯ ಬಂದುಹೋದ ಮಧ್ಯಾಹ್ನ ಲಕ್ಷ್ಮಣನಿಗೆ ಮುದ್ದೆ ಇಕ್ಕಿ ಕೇಳಿದೆ.

"ಆ ಬಿಳಿ ಕಾರಿನ ಮುಂದ್ಗಡೆ ಕತ್ರಿಸಿ ಬೆಸ್ದಿದ್ರಾ?"

"ಬೆಸೀದೆ ಇನ್ನೇನ್ ಉಗುಳಲ್ಲಿ ಅಂಟುಸ್ಲಾ? ಟಿಂಕರ್ ಕೆಲ್ಸ ಅಂದ್ರೆ ಅದೇಯ."

"ನನ್ ಕೈಲಿ ಸುಳ್ಳು ಬರೆಸಿದ್ರಿ."

"ಬರ್ದೋಳು ನೀನು. ನಾನೇನ್ ನಿನ್ ಬೆರಳು ಇಡ್ಕಂಡಿದ್ನಾ?"

ಒಲೆಯ ಪಕ್ಕದಿಂದ ಅತ್ತೆ ಚೆಲುವಮ್ಮ, "ಗಂಡ್ಸು ಉಣ್ಣೋ ಒತ್ನಾಗೆ ಇದ್ಯಾಕವ್ವ ನಿಂದು ಪೊಲೀಸ್ ಟೇಸನ್ನು?" ಅಂದರು.

"ಒಂದ್ ಮಗೀನ ತುಟಿ ಹರ್ದೈತೆ ಅತ್ತೆ."

"ಮಕ್ಳು ಬೀಳ್ತವೆ, ಏಳ್ತವೆ. ಅದ್ಕೆ ಅಂತ ಮನೆ ಮಾನ ಅರಾಜ್ ಆಕ್ತಾರಾ?"

"ಹಾಕ್ತೀನಿ," ಅಂದೆ. "ಪುಟದಲ್ಲಿ ಬರೀತೀನಿ. ಈ ಶೆಡ್ಡಿನ ಹೆಸರು ಸೇರಿಸಿ ಬರೀತೀನಿ."

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಲಕ್ಷ್ಮಣ ಎದ್ದು, ಕೈ ತೊಳೆಯದೆ ಹಜಾರಕ್ಕೆ ಹೋಗಿ, ಕಂಪ್ಯೂಟರಿಗೆ ಇಂಟರ್ನೆಟ್ ತರುತ್ತಿದ್ದ ಟೆಲಿಫೋನಿನ ತಂತಿಯನ್ನು ಗೋಡೆಯಿಂದ ಕಿತ್ತ. ಸುಣ್ಣದ ಚಕ್ಕೆ ಕೀಬೋರ್ಡಿನ ಮೇಲೆ ಉದುರಿತು. ತಂತಿಯನ್ನು ಸುತ್ತಿ ಜೇಬಿಗೆ ತುರುಕಿಕೊಂಡ.

"ಈಗ ಬರ್ಯೇ. ಅದೆಂಗ್ ಓಯ್ತದೋ ನೋಡ್ತೀನಿ."

ನನ್ನನ್ನು ಸುಟ್ಟದ್ದು ತಂತಿ ಕಿತ್ತದ್ದಲ್ಲ. ನನ್ನ ಕಿವಿ ಎಂಥದ್ದು ಅಂತ ಇಪ್ಪತ್ತು ವರ್ಷದಿಂದ ಬಲ್ಲವನು ಅವನು. ಎಂಟು ತಿಂಗಳು ನಾನು ಬಸ್ಸು ಹತ್ತಿ ಇಳಿದು, ಬೈಸಿಕೊಂಡು, ನನ್ನ ಆ ನಾಲ್ಕು ಸಾಲಿಗೆ ಒಂದು ನಂಬಿಕೆ ಬರುವ ಹಾಗೆ ಮಾಡಿದ್ದೆ. ಅವನು ಟವಲ್ಲಿನ ಕೆಳಗೆ ಮಾರಿದ್ದು ಕಾರನ್ನಲ್ಲ, ಆ ನಂಬಿಕೆಯನ್ನು. ನಾನು ಶೆಡ್ಡಿನಲ್ಲಿ ಗೆಣ್ಣು ಬಡಿಯುವುದಿಲ್ಲ ಅನ್ನುವುದೂ ಅವನಿಗೆ ಗೊತ್ತಿತ್ತು.

ಮಾರನೆಯ ದಿನ ಬೆಳಿಗ್ಗೆ ಕೆಂಪಣ್ಣ ನಮ್ಮ ಜಗುಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಲಕ್ಷ್ಮಣ. ಟೀ ಲೋಟ ತಂದಿದ್ದ ಚೌಡಯ್ಯ ಹೋಗದೆ ಅಲ್ಲೇ ನಿಂತಿದ್ದ.

"ಬಾ ರಾದಮ್ಮ, ಕುಂತ್ಕೊ. ಗಂಡ ಎಂಡ್ರು ಜಗ್ಳ ಬೀದಿಗ್ ಬರ್ಬಾರ್ದು, ಅದ್ಕೆ ನಾನೇ ಬಂದೆ."

"ಬೀದಿಗೆ ಬಿದ್ದಿರೋದು ನೀವು ತಂದ ಕಾರು. ಚಿನಕುರಳಿ ಅತ್ರ ಬದೀನ್ ಮ್ಯಾಲೆ ನಿಂತೈತೆ. ನೋಡ್ಕಂಡ್ ಬನ್ನಿ."

"ಲೇ ಲಕ್ಷ್ಮಣ," ಕೆಂಪಣ್ಣ ಲೋಟ ಕೆಳಗಿಟ್ಟ, "ಕಾರ್‌ಗೆಲ್ಲ ಬಳೀತೀಯಲ್ಲ, ನಿನ್ ಎಂಡ್ರು ನಾಲ್ಗೆಗೂ ವಸಿ ಪುಟ್ಟಿ ಬಳೀ ಕಣ್ಲಾ."

ಲಕ್ಷ್ಮಣ ನಕ್ಕ. ಆ ನಗು ಕೇಳಿದ ಮೇಲೆ ನನಗೆ ಯಾವ ಗೊಂದಲವೂ ಉಳಿಯಲಿಲ್ಲ.

ಕೆಂಪಣ್ಣ ಹೆಗಲ ಮೇಲಿನ ಟವಲ್ಲು ತೆಗೆದು ಕೊಡವಿ ತನ್ನ ಬಲಗೈ ಮೇಲೆ ಹರಡಿದ. "ನಲವತ್ತೊರ್ಸದಾಗೆ ಯಾವ ಎಂಗ್ಸಿಗೂ ನಾನ್ ಇದ ಕೊಟ್ಟೋನಲ್ಲ. ನಿನ್ ಬುದ್ಧಿಗೆ ಮರ್ವಾದೆ ಕೊಟ್ಟು ಕೊಡ್ತಾ ಇವ್ನಿ. ತಾ ಕೈಯ."

ಅತ್ತೆ ಬಾಗಿಲಲ್ಲಿ ನಿಂತಿದ್ದವರು ಮುಖ ತಿರುಗಿಸಿಕೊಂಡರು. ನಾನು ಕೂತು ಕೈ ಒಳಗಿಟ್ಟೆ. ಬೆವೆತ, ದಪ್ಪ ಚರ್ಮದ ಕೈ. ಅವನು ಚೌಡಯ್ಯನ ಕಡೆ ನೋಡುತ್ತ, "ಈ ಸತಿ ಬೆಲ್ಲದ ರೇಟು ಬಿದ್ದೋಯ್ತಲ್ಲೋ" ಅಂದ. ಒಳಗೆ ನನ್ನ ಐದೂ ಬೆರಳು ಹಿಡಿದು ಒಮ್ಮೆ ಅದುಮಿದ. ಬಿಟ್ಟ. ಮತ್ತೆ ಐದೂ ಹಿಡಿದು ಅದುಮಿದ. ಹತ್ತು. ಒಂದು ಗಳಿಗೆ ನನಗೆ ಹೆಮ್ಮೆಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ. ಈ ಕೈಗಳ ಸಾಲಿಗೆ ನನ್ನ ಕೈಯನ್ನೂ ಸೇರಿಸಿಕೊಂಡರಲ್ಲ ಅಂತ. ಬಿಳಿ ಕಾರಿನೆದುರು ಬಳೆ ಸರಿಸಿಕೊಂಡ ದಿನ ನನಗೆ ಬೇಕಾಗಿದ್ದದ್ದೂ ಇಷ್ಟೇ ಇರಬೇಕು.

ಕೈ ಹೊರಗೆ ತೆಗೆದೆ.

"ಹತ್ತು ಸಾವಿರ," ಗಟ್ಟಿಯಾಗಿ ಹೇಳಿದೆ. "ಬಿಳಿ ಕಾರಿನ ಸಂಗತಿ ಬರೀದೆ ಇರೋಕೆ ಕೆಂಪಣ್ಣೋರು ನಂಗೆ ಹತ್ತು ಸಾವಿರ ಕೊಡ್ತಾರಂತೆ. ಚೌಡಣ್ಣ, ಕೇಳಿಸ್ತಾ?"

ಕೆಂಪಣ್ಣ ಮೈಮೇಲೆ ಹಾವು ಬಿದ್ದವನ ಹಾಗೆ ಟವಲ್ಲನ್ನು ಕೊಡವಿದ.

"ಥೂ, ಮಾನಗೆಟ್ಟೋಳೆ! ಟವಲ್ ಒಳಗಿನ್ ಮಾತ ಬಾಯಲ್ ಆಡ್ತೀಯಾ? ಲೇ ಲಕ್ಷ್ಮಣ, ಇವತ್ತಿಗೆ ಮುಗೀತು. ಇನ್ಮ್ಯಾಕೆ ನಿನ್ ಕೈಯ ನಾನ್ ಇಡಿಯಲ್ಲ, ನಾಕ್ ತಾಲ್ಲೂಕಲ್ಲಿ ಯಾರೂ ಇಡಿಯಲ್ಲ, ಅಂಗ್ ಮಾಡ್ತೀನಿ ನೋಡು."

ಅವನು ಹೋದ ಮೇಲೆ ಲಕ್ಷ್ಮಣ ಬಹಳ ಹೊತ್ತು ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದ. ನಾನು ಸೀರೆ ಬದಲಾಯಿಸಿ ಮೈಸೂರು ಬಸ್ಸು ಹತ್ತಿದೆ.

ಅಲ್ಲಿ ಗಂಟೆಗಿಷ್ಟು ಅಂತ ಇಂಟರ್ನೆಟ್ ನೋಡಲು ಬಿಡುವ ಅಂಗಡಿಗಳು ಆಗತಾನೇ ಶುರುವಾಗಿದ್ದವು. ಮರದ ಹಲಗೆಯ ಗೂಡಿನಲ್ಲಿ ಕೂತು ನನ್ನ ಪುಟ ತೆರೆದೆ. ಬಿಳಿ ಕಾರಿನ ಫೋಟೋ ನಿಧಾನವಾಗಿ, ಮೇಲಿಂದ ಕೆಳಕ್ಕೆ, ಗೆರೆಗೆರೆಯಾಗಿ ಮೂಡಿತು. ಹಳೆಯ ನಾಲ್ಕು ಸಾಲನ್ನು ಅಳಿಸದೆ ಅದರ ಕೆಳಗೆ ಬರೆದೆ. ಮೇಲಿನದು ಸುಳ್ಳು, ಈ ಕಾರಿನ ಮುಂಭಾಗ ಅಪಘಾತದಲ್ಲಿ ಹೋಗಿತ್ತು. ಕತ್ತರಿಸಿ ಬೆಸೆದು ಪುಟ್ಟಿ ಬಳಿದದ್ದು ಬಾಬುರಾಯನಕೊಪ್ಪಲಿನ ನನ್ನ ಗಂಡ ಲಕ್ಷ್ಮಣನ ಶೆಡ್ಡಿನಲ್ಲಿ. ತಂದವರು ಪಾಂಡವಪುರದ ದಳ್ಳಾಳಿ ಕೆಂಪಣ್ಣ.

ನಾಲ್ಕನೆಯ ಸಾಲಾಗಿ, ನಾನು ಪರೀಕ್ಷೆ ಮಾಡದೆ ಬರೆದೆ, ಕ್ಷಮಿಸಿ ಅಂತ ಟೈಪ್ ಮಾಡಿದೆ. ಓದಿದೆ. ಚೆನ್ನಾಗಿತ್ತು. ಬಣ್ಣ ಒಣಗಿದ ಬಾಗಿಲಿನ ಹಾಗೆ ನುಣ್ಣಗಿತ್ತು. ಅದನ್ನು ರಮ್ಯ ಓದುತ್ತಾಳೆ, ಅವಳ ವಕೀಲರೂ ಓದುತ್ತಾರೆ. ಅಕ್ಷರ ಅಕ್ಷರವಾಗಿ ಅಳಿಸಿದೆ. ನನಗೆ ಗೊತ್ತಿತ್ತು ಅಂತ ಬರೆದು ಪುಟಕ್ಕೆ ಏರಿಸಿದೆ.

ಕೊಪ್ಪಲಿನಲ್ಲಿ ಬಸ್ಸು ಇಳಿದಾಗ ನಾಲ್ಕು ಗಂಟೆ. ಶೆಡ್ಡಿನಲ್ಲಿ ಸುತ್ತಿಗೆಯ ಸದ್ದು ಕೇಳುತ್ತಿತ್ತು. ಕೆ.ಆರ್. ಪೇಟೆಯ ತಿಮ್ಮರಾಜು ಎನ್ನುವವರ ನೀಲಿ ವ್ಯಾನು ನಡುವೆ ನಿಂತಿತ್ತು. ಮುಂದಿನ ವಾರ ಪುಟಕ್ಕೆ ಹಾಕಬೇಕಾಗಿದ್ದ ಗಾಡಿ. ತಿಮ್ಮರಾಜು ಸ್ಟೂಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು.

"ಒಳಕ್ ನಡಿ," ತಲೆ ಎತ್ತದೆ ಲಕ್ಷ್ಮಣ ಹೇಳಿದ.

ನಾನು ಚೀಲವನ್ನು ನೆಲದ ಮೇಲಿಟ್ಟು ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡೆ. ವ್ಯಾನಿನ ಮುಂದಿನ ಬಾಗಿಲಿಗೆ ಗೆಣ್ಣು ಬಡಿದೆ. ಗಣ್ಣೆಂದಿತು. ಒಂದು ಗೇಣು ಹಿಂದಕ್ಕೆ, ಮತ್ತೆ ಬಡಿದೆ. ಸುತ್ತಿಗೆ ನಿಂತಿತು. ತಿಮ್ಮರಾಜು ಕಡಲೆಕಾಯಿ ಹಿಡಿದ ಕೈಯನ್ನು ಹಾಗೇ ಹಿಡಿದು ಒಮ್ಮೆ ನನ್ನನ್ನೂ ಒಮ್ಮೆ ಲಕ್ಷ್ಮಣನನ್ನೂ ನೋಡಿದರು.

"ರಾದಾ," ಅಂದ ಲಕ್ಷ್ಮಣ. ಆ ದನಿಯಲ್ಲಿ ಬೈಗುಳ ಇರಲಿಲ್ಲ. ಬೇಡ ಅನ್ನುವ ದನಿ ಅದು.

ಹಿಂದಿನ ಚಕ್ರದ ಮೇಲೆ ಸದ್ದು ಸತ್ತಿತ್ತು. ಖಾತ್ರಿಯಾಗಲಿ ಅಂತ ಇನ್ನೊಮ್ಮೆ, ಜೋರಾಗಿ ಬಡಿದೆ. ಗೆಣ್ಣಿನ ಚರ್ಮ ಸುಲಿಯಿತು.

"ಇಲ್ಲಿ ಪುಟ್ಟಿ ಇದೆ," ತಿಮ್ಮರಾಜು ಅವರಿಗೆ ಕೇಳುವ ಹಾಗೆ ಹೇಳಿದೆ. "ಬರ್ಕೋತೀನಿ." ಆಮೇಲೆ ವ್ಯಾನಿನ ಆಚೆ ಬದಿಗೆ ಹೋದೆ.